ಇಬ್ಬರು ಮಕ್ಕಳೊಡನೆ ವೆನಿಸ್‌ನಲ್ಲಿ: ನನ್ನ ಅನುಭವ

ವೆನಿಸ್‌ಗೆ ಹೊರಡುವ ಮುನ್ನ ನಾವು ಕೈಗೊಂಡ ತೀರ್ಮಾನಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಕಾರವಾದದ್ದು, ಎರಡು ವರ್ಷದ ಮಗಳ ಸ್ಟ್ರಾಲರನ್ನು ಮ್ಯೂನಿಕ್‌ನ ಮನೆಯಲ್ಲೇ ಬಿಟ್ಟುಹೋದದ್ದು. 118 ಪುಟ್ಟ ದ್ವೀಪಗಳನ್ನು 400ಕ್ಕೂ ಮಿಕ್ಕ ಸೇತುವೆಗಳು ಒಂದಕ್ಕೊಂದು ಸೇರಿಸಿರುವ ಊರು ಅದು. ಕೆಳಗೆ ದೋಣಿಗಳು ಹಾಯಬೇಕಾದ್ದರಿಂದ ಹೆಚ್ಚಿನ ಸೇತುವೆಗಳು ಕಮಾನಿನಂತೆ ಮೇಲೇರುತ್ತವೆ, ಎರಡೂ ಬದಿಗೆ ಮೆಟ್ಟಿಲುಗಳಿರುತ್ತವೆ. ಅರ್ಧ ಗಂಟೆಯ ನಡಿಗೆಯಲ್ಲಿ ಹತ್ತು ಸೇತುವೆ ಸಿಕ್ಕಿದರೆ, ಮಗು, ಗಾಡಿ, ಚೀಲ ಎಲ್ಲವನ್ನೂ ಹತ್ತು ಸಲ ಎತ್ತಿ ಇಳಿಸಬೇಕಾಗುತ್ತದೆ. ನನ್ನ ಪತಿ ಮಗಳನ್ನು ಕ್ಯಾರಿಯರ್‌ನಲ್ಲಿ ಬೆನ್ನಿಗೆ ಕಟ್ಟಿಕೊಂಡರು. ಏಳು ವರ್ಷದ ಮಗ ನಡೆದ. ಕರ್ನಾಟಕದ ಸಾಗರ ಪಟ್ಟಣದಿಂದ ಬಂದು ನಮ್ಮೊಡನಿದ್ದ ನನ್ನ ಅಮ್ಮನಿಗೆ ಮೊಣಕಾಲು ನೋವು ಇದ್ದುದರಿಂದ, ಸೇತುವೆಗಳ ಲೆಕ್ಕ ಹಾಕಿಯೇ ಪ್ರತಿದಿನದ ದಾರಿಯನ್ನು ಗುರುತು ಮಾಡಿಕೊಳ್ಳುವುದು ಅನಿವಾರ್ಯವಾಗಿತ್ತು.

ಮ್ಯೂನಿಕ್ ಇರುವ ಜರ್ಮನಿಯ ಬವೇರಿಯ ರಾಜ್ಯದ ಶಾಲೆಗಳ ಶರತ್ಕಾಲದ ರಜೆಯಲ್ಲಿ, ಅಕ್ಟೋಬರ್ ಕೊನೆಯ ಶನಿವಾರ, ಆಲ್ಪ್ಸ್ ಪರ್ವತದ ಬ್ರೆನ್ನರ್ ಕಣಿವೆಯ ಮೂಲಕ ಹೋಗುವ ನೇರ ರೈಲನ್ನು ಹಿಡಿದೆವು. ಸುಮಾರು ಏಳು ಗಂಟೆಯ ಪಯಣ. ಕೊನೆಯಲ್ಲಿ ರೈಲು 1846ರಲ್ಲಿ ತೆರೆದ ಸೇತುವೆಯ ಮೇಲೆ, ವೆನಿಸನ್ನು ಸುತ್ತುವರಿದ ಸಮುದ್ರದ ಹಿನ್ನೀರನ್ನು ದಾಟುತ್ತದೆ. ಅದರ ಪಕ್ಕದಲ್ಲೇ ಸಾಗುವ 1933ರ ರಸ್ತೆ ಸೇತುವೆ ಊರಿನ ಅಂಚಿನಲ್ಲಿ ಮುಗಿಯುತ್ತದೆ. ಬಸ್ಸು, ಕಾರುಗಳೆಲ್ಲ ಅಲ್ಲೇ ನಿಲ್ಲಬೇಕು. ನಿಲ್ದಾಣದಿಂದ ಹೊರಗೆ ಕಾಲಿಟ್ಟೊಡನೆ ಮೆಟ್ಟಿಲುಗಳ ಕೆಳಗೆ ರಸ್ತೆ ಇರಬೇಕಾದ ಕಡೆ ನೀರು ಹರಡಿಕೊಂಡಿದ್ದುದನ್ನು ಕಂಡು ಮಗ ತುಂಬಾ ಹೊತ್ತು ಮಾತನಾಡಲಿಲ್ಲ.

ಹಣ ಉಳಿಸಲು ಮುಖ್ಯಭೂಮಿಯ ಮೆಸ್ತ್ರೆಯಲ್ಲಿ ತಂಗುವವರು ಬಹಳ. ಚಿಕ್ಕ ಮಕ್ಕಳಿರುವವರು ಹಾಗೆ ಮಾಡಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಮಧ್ಯಾಹ್ನ ಮಗು ಮಲಗಬೇಕು, ಬಟ್ಟೆ ಒದ್ದೆಯಾದರೆ ಬದಲಿಸಬೇಕು. ಸಾರ್ವಜನಿಕ ಶೌಚಾಲಯಗಳು ವಿರಳ, ಇದ್ದಲ್ಲಿ ಹಣ ಕೊಡಬೇಕು. ಮನೆ ಹತ್ತಿರವಿದ್ದರೆ ಈ ಎಲ್ಲವೂ ಸಲೀಸು. ನಾವು ಕಾನ್ನರೇಜೊ ಭಾಗದಲ್ಲಿ ಅಡುಗೆಮನೆ ಇರುವ ಸಣ್ಣ ಮನೆಯೊಂದನ್ನು ನಾಲ್ಕು ರಾತ್ರಿಗೆ ಬಾಡಿಗೆಗೆ ಹಿಡಿದೆವು. ನಿಲ್ದಾಣದಿಂದ ಸ್ಯಾನ್ ಜೆರೆಮಿಯಾ ಚೌಕದವರೆಗೆ ಒಂದು ಸೇತುವೆಯನ್ನೂ ಹತ್ತಬೇಕಾಗಿಲ್ಲ ಎಂಬುದು ಒಂದು ಕಾರಣ. ಚೌಕದ ಹತ್ತಿರವೇ ಸವೊರ್ಞಾನ್ ಉದ್ಯಾನದಲ್ಲಿ ಜೋಕಾಲಿ, ಜಾರುಬಂಡೆ, ಮರದ ನೆರಳು ಇವೆ ಎಂಬುದು ಇನ್ನೊಂದು. ಊಟದ ಚಿಂತೆಯೂ ಇದರಿಂದ ಕಡಿಮೆಯಾಯಿತು. ಅಮ್ಮ ಪುಳಿಯೋಗರೆ ಗೊಜ್ಜು ಮತ್ತು ಅವಲಕ್ಕಿ ಕಟ್ಟಿಕೊಂಡು ಬಂದಿದ್ದರು. ಮಕ್ಕಳು ಹೊರಗೆ ಚೀಸ್ ಹಾಕದ ಟೊಮೆಟೊ ಪಾಸ್ತಾ ತಿಂದರು.

ಆ ಶನಿವಾರ ರಾತ್ರಿಯೇ ಯೂರೋಪಿನ ಗಡಿಯಾರಗಳು ಒಂದು ಗಂಟೆ ಹಿಂದಕ್ಕೆ ಸರಿದವು. ಮಕ್ಕಳು ಗಡಿಯಾರ ನೋಡಿ ಏಳುವವರಲ್ಲ, ಐದೂವರೆಗೇ ಎದ್ದು ಕುಳಿತರು. ಮೊದಲ ದಿನ ಅದು ಕಷ್ಟವೆನಿಸಿತು. ಸೋಮವಾರದಿಂದ ಅದೇ ನಮ್ಮ ಪ್ರವಾಸದ ಆಧಾರವಾಯಿತು. ಬೆಳಕು ಹರಿಯುವಾಗ ವೆನಿಸ್ ಕೆಲಸದ ಊರು. ಪೌರಕಾರ್ಮಿಕರು ಮನೆಮನೆಯ ಕಸವನ್ನು ಕೈಗಾಡಿಯಲ್ಲಿ ಸಂಗ್ರಹಿಸಿ ಕಾಲುವೆಯ ಅಂಚಿಗೆ ತರುತ್ತಾರೆ, ಅಲ್ಲಿ ಕಾದಿರುವ ದೋಣಿಯ ಕ್ರೇನ್ ಆ ಗಾಡಿಯನ್ನೇ ಮೇಲೆತ್ತಿ ಬರಿದು ಮಾಡಿ ಮತ್ತೆ ದಡಕ್ಕಿಡುತ್ತದೆ. ತರಕಾರಿಯ ದೋಣಿ, ಪಾರ್ಸೆಲ್ ಹಂಚುವ ದೋಣಿ, ಹೋಟೆಲುಗಳ ಬಟ್ಟೆಯ ಗಂಟುಗಳನ್ನು ಹೊತ್ತ ದೋಣಿ, ಸಿಮೆಂಟು ಮರಳಿನ ದೋಣಿ, ಸೈರನ್ ಕೂಗುತ್ತ ನೀರನ್ನು ಸೀಳಿಕೊಂಡು ಹೋಗುವ ಆಂಬುಲೆನ್ಸ್ ದೋಣಿ. ಮಗನಿಗೆ ನಾನು ಒಂದು ಖಾಲಿ ಪುಸ್ತಕವನ್ನೂ ಪೆನ್ಸಿಲನ್ನೂ ಕೊಟ್ಟಿದ್ದೆ; ಕಂಡ ದೋಣಿಯ ಚಿತ್ರ ಬರೆದು, ಅದರ ಕೆಲಸವೇನೆಂದು ಕನ್ನಡದಲ್ಲಿ ಒಂದು ಸಾಲು ಬರೆಯಬೇಕೆಂಬುದು ಒಪ್ಪಂದ. ಮನೆಯಲ್ಲಿ ಕನ್ನಡ ಬರೆಯಲು ಹಿಂಜರಿಯುವ ಹುಡುಗ ಮೂರು ದಿನಗಳಲ್ಲಿ ಹತ್ತೊಂಬತ್ತು ಪುಟ ತುಂಬಿಸಿದ. ಅರಮನೆ, ಚರ್ಚುಗಳ ಇತಿಹಾಸವನ್ನು ನಾನು ಎಷ್ಟೇ ಚೆನ್ನಾಗಿ ಹೇಳಿದ್ದರೂ, ನೀರಿನ ಮೇಲೆ ಊರೊಂದು ಬದುಕುವ ಬಗೆಯನ್ನು ಅವನು ಅಷ್ಟು ಖಚಿತವಾಗಿ ಗ್ರಹಿಸುತ್ತಿರಲಿಲ್ಲ.

ವಾಪೊರೆತ್ತೊ ಎಂಬ ಸಾರ್ವಜನಿಕ ದೋಣಿಯೇ ಅಲ್ಲಿನ ಸಿಟಿ ಬಸ್ಸು. ನಾವು ಹೋದಾಗ 75 ನಿಮಿಷದ ಒಂದು ಟಿಕೆಟ್ಟಿಗೆ 9.50 ಯೂರೋ, 72 ಗಂಟೆಯ ಪಾಸಿಗೆ 45 ಯೂರೋ. ಆರು ವರ್ಷ ತುಂಬದ ಮಕ್ಕಳಿಗೆ ಉಚಿತ. ಪಾಸೇ ಲಾಭ, ಏಕೆಂದರೆ ಮಕ್ಕಳು ದಣಿದಾಗ ಎರಡು ನಿಲ್ದಾಣಕ್ಕಾಗಿಯೂ ಹಿಂದೆಮುಂದೆ ನೋಡದೆ ಹತ್ತಬಹುದು. ಮುಖ್ಯ ಕಾಲುವೆಯ ಉದ್ದಕ್ಕೂ ನಿಧಾನವಾಗಿ, ಎರಡೂ ದಡಗಳಿಗೆ ತಾಗುತ್ತ ಸಾಗುವ 1ನೇ ಸಂಖ್ಯೆಯ ದೋಣಿಯನ್ನು ಬೆಳಗಿನ ಜಾವದಲ್ಲಿ ಹತ್ತಿದರೆ ಮುಂದಿನ ಸಾಲಿನಲ್ಲಿ ಜಾಗ ಸಿಗುತ್ತದೆ. ಪ್ರತಿ ನಿಲ್ದಾಣದಲ್ಲೂ ಸಿಬ್ಬಂದಿ ಹಗ್ಗವನ್ನು ಬೀಸಿ ಗೂಟಕ್ಕೆ ಸುತ್ತಿ ದೋಣಿಯನ್ನು ಬಿಗಿಯುವುದನ್ನು ಮಗಳು ಕಣ್ಣು ಕೀಲಿಸಿ ನೋಡಿದಳು. ಮನೆಗೆ ಬಂದು ಅಜ್ಜಿಯ ಸೀರೆಯ ಸೆರಗನ್ನು ಕುರ್ಚಿಯ ಕಾಲಿಗೆ ಸುತ್ತಿದಳು.

ಹುಟ್ಟು ಹಾಕಿ ನಡೆಸುವ ಉದ್ದನೆಯ ದೋಣಿ ಗೊಂಡೋಲದಲ್ಲಿ ಕೂರಬೇಕೆಂಬ ಆಸೆ ಎಲ್ಲರಿಗೂ ಇತ್ತು. ಅರ್ಧ ಗಂಟೆಗೆ ಅಧಿಕೃತ ಹಗಲಿನ ದರವೇ 90 ಯೂರೋ, ಜೊತೆಗೆ ಅಷ್ಟು ಹೊತ್ತು ಮಗಳನ್ನು ಅಲುಗದಂತೆ ಕೂರಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ. ಅದಕ್ಕೆ ಬದಲಾಗಿ ಸಾಂತಾ ಸೊಫಿಯಾದಿಂದ ರಿಯಾಲ್ತೊ ಮಾರುಕಟ್ಟೆಗೆ ಮುಖ್ಯ ಕಾಲುವೆಯನ್ನು ಅಡ್ಡ ದಾಟಿಸುವ ತ್ರಾಗೆತ್ತೊ ಎಂಬ ಗೊಂಡೋಲವನ್ನು ತಲೆಗೆ 2 ಯೂರೋ ಕೊಟ್ಟು ಹತ್ತಿದೆವು. ಎರಡು ಮೂರು ನಿಮಿಷದ ದಾಟು, ಮಕ್ಕಳ ತಾಳ್ಮೆಗೆ ಸರಿಯಾದ ಅಳತೆ. ಮೀನಿನ ಮಾರುಕಟ್ಟೆ ಭಾನುವಾರ, ಸೋಮವಾರ ಇರುವುದಿಲ್ಲವಾದ್ದರಿಂದ ಮಂಗಳವಾರಕ್ಕೆ ಇದನ್ನು ಇಟ್ಟುಕೊಂಡಿದ್ದೆವು. ಅಲ್ಲಿ ಗೋಡೆಯ ಮೇಲೆ ಹಳೆಯ ಅಮೃತಶಿಲೆಯ ಫಲಕವೊಂದಿದೆ. ಯಾವ ಮೀನು ಎಷ್ಟು ಉದ್ದಕ್ಕಿಂತ ಚಿಕ್ಕದಾಗಿದ್ದರೆ ಮಾರಬಾರದೆಂದು ಅದರಲ್ಲಿ ಕೆತ್ತಿದ್ದಾರೆ. ಸಾರ್ಡೀನ್ ಕನಿಷ್ಠ 7 ಸೆಂ.ಮೀ. ಇರಬೇಕು. ಮೀನು ಮುಟ್ಟದ ನಮ್ಮ ಮನೆಯ ಹುಡುಗ ತನ್ನ ಬೆರಳಿನಿಂದ ಏಳು ಸೆಂಟಿಮೀಟರನ್ನು ಅಳೆದು, ಮರಿಗಳನ್ನು ಬಿಟ್ಟುಬಿಡಬೇಕೆಂಬ ನಿಯಮ ಅಷ್ಟು ಹಿಂದೆಯೇ ಇತ್ತೇ ಎಂದು ಕೇಳಿದ. ಅಲ್ಲಿಂದ ನಾಲ್ಕು ಹೆಜ್ಜೆಯಲ್ಲೇ 1591ರಲ್ಲಿ ಮುಗಿದ ರಿಯಾಲ್ತೊ ಸೇತುವೆ. ಅದರ ಅಡಿಯಲ್ಲಿ ಸಾವಿರಾರು ಮರದ ಕಂಬಗಳನ್ನು ಕೆಸರಿಗೆ ಬಡಿದು ಇಳಿಸಿದ್ದಾರೆ, ಗಾಳಿ ಸೋಕದ ಕೆಸರಿನಲ್ಲಿ ಮರ ಬೇಗ ಕೊಳೆಯುವುದಿಲ್ಲ ಎಂದು ವಿವರಿಸಿದಾಗ ಅವನು ಕೂಡಲೇ ಬಗ್ಗಿ ನೀರಿನೊಳಗೆ ಇಣುಕಿದ.

ಹಾಗೆ ಬಗ್ಗುವುದೇ ಈ ಊರಿನಲ್ಲಿ ತಾಯಿತಂದೆಯರ ದೊಡ್ಡ ಆತಂಕ. ಹಲವು ಕಾಲುವೆಗಳ ಅಂಚಿನಲ್ಲಿ ಯಾವ ಕಂಬಿಯೂ ಇಲ್ಲ. ಕಲ್ಲಿನ ದಾರಿ ಮುಗಿದಲ್ಲಿ ನೀರು. ಗೋಡೆಯ ಬದಿಗೆ ಮಕ್ಕಳು, ನೀರಿನ ಬದಿಗೆ ದೊಡ್ಡವರು, ಓಡುವುದು ಚೌಕದೊಳಗೆ ಮಾತ್ರ ಎಂಬ ನಿಯಮವನ್ನು ನಾವು ಮೊದಲ ದಿನವೇ ಹಾಕಿದೆವು. ಆದರೆ ನೀರಿಗಿಳಿಯುವ ಮೆಟ್ಟಿಲುಗಳ ವಿಷಯವನ್ನು ಹೇಳಲು ಮರೆತಿದ್ದೆ. ಉಬ್ಬರದಲ್ಲಿ ಮುಳುಗಿ ಇಳಿತದಲ್ಲಿ ಕಾಣಿಸಿಕೊಳ್ಳುವ ಆ ಮೆಟ್ಟಿಲುಗಳ ಮೇಲೆ ಹಸಿರು ಪಾಚಿ ಕಟ್ಟಿರುತ್ತದೆ. ದೋಣಿಯ ಚಿತ್ರ ಬರೆಯಲು ಒಂದು ಮೆಟ್ಟಿಲು ಕೆಳಗಿಳಿದ ಮಗ ಜಾರಿ ಕುಳಿತ. ನಾನು ಅಂಗಿಯ ಕಾಲರ್ ಹಿಡಿದುಕೊಂಡಿದ್ದರಿಂದ ಒಂದು ಕಾಲು ಮಾತ್ರ ನೀರಿಗಿಳಿಯಿತು, ಮೊಣಕಾಲು ತರಚಿತು. ಆ ಕ್ಷಣದ ಭಯ ನನ್ನನ್ನು ಈಗಲೂ ಬಿಟ್ಟಿಲ್ಲ. ಹಸಿರು ಕಂಡಲ್ಲಿ ಕಾಲಿಡಕೂಡದು ಎಂದು ಮಕ್ಕಳಿಗೆ ಮನೆಯಿಂದ ಹೊರಡುವಾಗಲೇ ಹೇಳಿಡಬೇಕು.

ಶರತ್ಕಾಲದಲ್ಲಿ ಉಬ್ಬರದ ನೀರು ಊರೊಳಗೆ ಬರುವುದುಂಟು. ಬುಧವಾರದ ಮುನ್ಸೂಚನೆ ನೋಡಿಕೊಂಡೇ ಮಕ್ಕಳಿಗೆ ಗಂಬೂಟು ಹಾಕಿ ಸ್ಯಾನ್ ಮಾರ್ಕೊ ಚೌಕಕ್ಕೆ ಹೋದೆವು. ಊರಿನ ತೀರ ತಗ್ಗಿನ ಜಾಗ ಅದು. ನೀರು ದಡ ದಾಟಿ ಬರುವುದೆಂದು ಮಗ ಸಮುದ್ರದ ಕಡೆ ನೋಡುತ್ತ ನಿಂತಿದ್ದರೆ, ಅದು ಕಾಲಡಿಯ ಚರಂಡಿಯ ಕಿಂಡಿಗಳಿಂದ ಸದ್ದಿಲ್ಲದೆ ಉಕ್ಕಿ ಕಲ್ಲುಹಾಸಿನ ಮೇಲೆ ಹರಡಿತು. 1966ರ ನವೆಂಬರ್ 4ರಂದು ನೀರು 194 ಸೆಂ.ಮೀ. ಮಟ್ಟಕ್ಕೆ ಏರಿ ಊರನ್ನೇ ಮುಳುಗಿಸಿತ್ತು. ಅಂಥ ಪ್ರವಾಹವನ್ನು ತಡೆಯಲು ಹಿನ್ನೀರು ಸಮುದ್ರವನ್ನು ಸೇರುವ ಮೂರು ಬಾಯಿಗಳಲ್ಲಿ ಕಟ್ಟಿದ 78 ಉಕ್ಕಿನ ಕದಗಳು 2020ರ ಅಕ್ಟೋಬರ್‌ನಲ್ಲಿ ಮೊದಲ ಬಾರಿಗೆ ಉಬ್ಬರವನ್ನು ತಡೆದು ನಿಲ್ಲಿಸಿದವು. ಸಣ್ಣ ಉಬ್ಬರಗಳಿಗೆ ಅವನ್ನು ಎತ್ತುವುದಿಲ್ಲ. ಹಾಗಾಗಿ ಚೌಕದಲ್ಲಿ ಪಾದ ಮುಳುಗುವಷ್ಟು ನೀರು ಈಗಲೂ ನಿಲ್ಲುತ್ತದೆ. ಅದು ಚರಂಡಿಯ ಮೂಲಕ ಬಂದ ನೀರಾದ್ದರಿಂದ ಮಕ್ಕಳನ್ನು ಬರಿಗಾಲಲ್ಲಿ ಇಳಿಸಬಾರದು. ಲಿಫ್ಟ್ ಇರುವುದರಿಂದ ಚೌಕದ ಗಂಟೆಗೋಪುರವನ್ನು ಅಮ್ಮನೂ ಏರಿದರು. ಹಳೆಯ ಗೋಪುರ 1902ರಲ್ಲಿ ಕುಸಿದು ಬಿದ್ದಿತ್ತು, ಇದು 1912ರಲ್ಲಿ ಅದೇ ರೂಪದಲ್ಲಿ ಕಟ್ಟಿದ್ದು. ಉದ್ದ ಮೂಗಿನ ಮುಖವಾಡಗಳ ಅಂಗಡಿಗಳ ಮುಂದೆ ಮಗಳು ಹೆದರಿ ಅಳುತ್ತಿದ್ದುದರಿಂದ ಆ ಬೀದಿಗಳನ್ನು ಬೇಗ ದಾಟಿದೆವು. ವೆನಿಸ್ಸನ್ನು ಹಿಂದೆ ಆಳುತ್ತಿದ್ದ ಡೋಜೆಯ ಅರಮನೆಯನ್ನು ಬಿಟ್ಟೆವು. ಮಳೆ ಬಂದ ಮಧ್ಯಾಹ್ನ ನಿಸರ್ಗ ವಿಜ್ಞಾನದ ಮ್ಯೂಸಿಯಂನಲ್ಲಿ ನೈಜರ್ ದೇಶದಿಂದ ತಂದ ಡೈನೊಸಾರಿನ ಅಸ್ಥಿಪಂಜರದ ಮುಂದೆ ಒಂದು ಗಂಟೆ ಕುಳಿತೆವು.

ಸಂಜೆಗಳನ್ನು ಮನೆಯ ಹತ್ತಿರದ ಚೌಕದಲ್ಲಿ ಕಳೆದೆವು. ವೆನಿಸ್‌ನವರು ಚೌಕಕ್ಕೆ ಕಾಂಪೊ, ಅಂದರೆ ಹೊಲ, ಎನ್ನುತ್ತಾರೆ. ನಡುವೆ ಕಲ್ಲಿನ ಕಟ್ಟೆಯ ಬಾವಿ, ಮೇಲೆ ಲೋಹದ ಮುಚ್ಚಳ. “ಅಲ್ಲ ಕಣೇ, ಸುತ್ತ ಎಲ್ಲಾ ಉಪ್ಪು ನೀರು, ಮಧ್ಯೆ ಇಲ್ಲಿ ಬಾವಿ ಯಾಕೆ ತೋಡಿದ್ರು?” ಎಂದು ಅಮ್ಮ ಕೇಳಿದರು. ಅದು ಸೆಲೆಯ ಬಾವಿಯಲ್ಲ. ಚೌಕದ ಮೇಲೆ ಬಿದ್ದ ಮಳೆನೀರು ಕಿಂಡಿಗಳ ಮೂಲಕ ಕೆಳಗಿಳಿದು, ಜೇಡಿಮಣ್ಣು ಮೆತ್ತಿದ ಗುಂಡಿಯ ಮರಳಿನಲ್ಲಿ ಸೋಸಿಕೊಂಡು ನಡುವಿನ ಕೊಳವೆಗೆ ಸೇರುತ್ತಿತ್ತು. 1884ರಲ್ಲಿ ಮುಖ್ಯಭೂಮಿಯಿಂದ ಕೊಳಾಯಿ ನೀರು ಬರುವವರೆಗೆ ಊರು ಇದನ್ನೇ ಕುಡಿಯುತ್ತಿತ್ತು ಎಂದು ವಿವರಿಸಿದೆ. ಅಮ್ಮ ಕಟ್ಟೆಯ ಅಂಚಿನಲ್ಲಿ ಹಗ್ಗ ಉಜ್ಜಿ ಸವೆದ ಗೀರುಗಳನ್ನು ಕೈಯಿಂದ ಸವರಿ, ಮೊಮ್ಮಗನನ್ನು ಕರೆದು ತೋರಿಸಿದರು. ಅವನು ಒಮ್ಮೆ ಬೆರಳಿಟ್ಟು ನೋಡಿ, ಗೋಡೆಗೆ ಚೆಂಡು ಒದೆಯುತ್ತಿದ್ದ ಅಲ್ಲಿನ ಮಕ್ಕಳ ಕಡೆಗೆ ಓಡಿದ.