ಕೆರೆಯದೆ, ಒಡೆಯದೆ: ಚೀನಾದ ಕಣ್ಣುಮಣಿಗಳ ಜತೆ ನನ್ನ ಅನುಭವ

ಹುಬೈ ಪ್ರಾಂತ್ಯದ ಒಂದು ಸಂಗ್ರಹಾಲಯದ ಲ್ಯಾಬಿನಲ್ಲಿ ಕೆಲಸ ಮಾಡುವಾಗ ಹಳೆಯ ಗಾಜಿನ ಮಣಿಗಳು ನನ್ನ ಮೇಜಿಗೆ ಬಂದವು. ಕ್ಯುರೇಟರ್ ಹಾಕಿದ ಷರತ್ತು ಸರಳ. ತೊಳೆಯಬಾರದು, ಒರೆಸಬಾರದು, ಕೆರೆಯುವ ಮಾತಂತೂ ಎತ್ತಲೇಬಾರದು. ಗಾಜು ಯಾವುದರಿಂದ ಆಗಿದೆ ಅಂತ ಮಾತ್ರ ಹೇಳಬೇಕು.

ಇವು ಮೈತುಂಬ ಕಣ್ಣಿನಂಥ ಚುಕ್ಕೆಗಳಿರುವ ಮಣಿಗಳು. ಚೀನಾದಲ್ಲಿ ರಾಜ್ಯಗಳು ಒಂದಕ್ಕೊಂದು ಕಾದಾಡುತ್ತಿದ್ದ ಕಾಲದವು, ಅಂದರೆ ಕ್ರಿ.ಪೂ. 475ರಿಂದ 221ರ ನಡುವಿನವು. ಈ ವಿನ್ಯಾಸ ಬಂದದ್ದು ಪಶ್ಚಿಮದಿಂದ. ಇದೇ ಪ್ರಾಂತ್ಯದ ಸುಯ್‌ಝೌನಲ್ಲಿ ಜೆಂಗ್ ನಾಡಿನ ಯಿ ಎಂಬ ಪ್ರಭುವಿನ ಸಮಾಧಿಯಲ್ಲಿ ಇಂಥ 173 ಮಣಿ ಸಿಕ್ಕಿದ್ದವು. ಅವು ಸೋಡಾ-ಸುಣ್ಣದ ಗಾಜು, ಪಶ್ಚಿಮದ ಜಾತಿ. ಆಮೇಲೆ ಚೀನಾದವರೇ ಅದೇ ರೂಪವನ್ನು ತಮ್ಮದೇ ಗಾಜಿನಲ್ಲಿ ಮಾಡತೊಡಗಿದರು. ಆ ಗಾಜಿನಲ್ಲಿ ಸೀಸ ಮತ್ತು ಬೇರಿಯಂ ಎರಡೂ ಇರುತ್ತವೆ. ಆ ಕಾಲದ ಬೇರೆ ಯಾವ ನಾಡಿನವರೂ ಹಾಗೆ ಮಾಡುತ್ತಿರಲಿಲ್ಲ. ಸೀಸದ ಅದಿರಿನ ಜತೆ ಬೇರೈಟ್ ಎಂಬ ಬೇರಿಯಂ ಖನಿಜ ಸಿಗುತ್ತದೆ, ಹಾಗೇ ಸೇರಿಕೊಂಡಿತು ಅನ್ನುವವರಿದ್ದಾರೆ. ಜೇಡ್ ಕಲ್ಲಿನ ಮಬ್ಬು ಬರಲಿ ಅಂತ ಬೇಕೆಂದೇ ಹಾಕಿದರು ಅನ್ನುವವರೂ ಇದ್ದಾರೆ. ನನಗೆ ಎರಡನೆಯದೇ ಇಷ್ಟ.

ಹಾಗಾಗಿ ಬೇರಿಯಂ ಇದೆಯೋ ಇಲ್ಲವೋ ಅನ್ನುವುದೇ ಮುಖ್ಯ ಪ್ರಶ್ನೆ.

ನಾನು ಬಳಸಿದ್ದು ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಗನ್. ಎಕ್ಸ್-ಕಿರಣ ಬಿಟ್ಟು, ತಿರುಗಿ ಬರುವ ಕಿರಣದಿಂದ ಯಾವ ಧಾತು ಇದೆ ಅಂತ ಹೇಳುವ ಯಂತ್ರ. ಚಿನ್ನದಂಗಡಿಯಲ್ಲಿ ಕ್ಯಾರೆಟ್ ನೋಡುತ್ತಾರಲ್ಲ, ಆ ಯಂತ್ರದ ತಮ್ಮ ಅನ್ನಿ. ಇದರಲ್ಲಿ ಬೇರಿಯಂ ಒಂದು ಆಟ ಆಡುತ್ತದೆ. ಪ್ರತಿ ಧಾತುವೂ ತನ್ನದೇ ಶಕ್ತಿಯ ಎಕ್ಸ್-ಕಿರಣ ಹೊರಹಾಕಿ ಗ್ರಾಫಿನಲ್ಲಿ ಪೀಕ್ ಎಬ್ಬಿಸುತ್ತದೆ. ಬೇರಿಯಂನ ಎಲ್ ಎಂಬ ಪೀಕ್ ಬರುವುದು 4.47 ಕೆವಿ (ಕಿಲೋ-ಎಲೆಕ್ಟ್ರಾನ್‌ವೋಲ್ಟ್, ಶಕ್ತಿಯ ಅಳತೆ) ಹತ್ತಿರ. ಟೈಟಾನಿಯಂ ಪೀಕ್ 4.51ರಲ್ಲಿ. ಎರಡೂ ಒಂದೇ ಗುಡ್ಡೆಯಾಗಿ ಕಾಣುತ್ತವೆ. ಮಣಿಗೆ ಅಂಟಿದ ಮಣ್ಣಿನಲ್ಲಿ ಟೈಟಾನಿಯಂ ಇದ್ದೇ ಇರುತ್ತದೆ. ಗನ್ನಿನ ಸಾಫ್ಟ್‌ವೇರ್ ಏನು ಹೇಳಿದರೂ ನಾನು ಆ ಗುಡ್ಡೆಯನ್ನು ನಂಬುವುದಿಲ್ಲ. ಗನ್ನಿನ ಎಕ್ಸ್-ಕಿರಣದ ಟ್ಯೂಬನ್ನು 50 ಕಿಲೋವೋಲ್ಟ್‌ಗೆ ಏರಿಸಿ, ದಪ್ಪ ಫಿಲ್ಟರ್ ಹಾಕಿ, 32 ಕೆವಿಯಲ್ಲಿ ಬೇರಿಯಂನ ಇನ್ನೊಂದು ಪೀಕ್, ಅಂದರೆ ಕೆ ಪೀಕ್ ಎದ್ದರೆ ಮಾತ್ರ ಬೇರಿಯಂ ಅಂತ ಬರೆಯುತ್ತೇನೆ. ಅಲ್ಲಿ ಅದನ್ನು ಮುಚ್ಚಿಹಾಕಲು ಟೈಟಾನಿಯಂ ಬರಲಾರದು.

ಹೋಲಿಸಿ ನೋಡಲು ಕಾರ್ನಿಂಗ್ ‘ಸಿ’ ಗಾಜು ಇಟ್ಟುಕೊಂಡಿದ್ದೆ. ಹಳೆಯ ಗಾಜಿನ ಅಧ್ಯಯನಕ್ಕೆಂದೇ ತಯಾರಿಸಿದ, ಯಾವುದು ಎಷ್ಟಿದೆ ಅಂತ ಮೊದಲೇ ಗೊತ್ತಿರುವ ಎ, ಬಿ, ಸಿ, ಡಿ ಎಂಬ ನಾಲ್ಕು ಮಾದರಿಗಳಲ್ಲಿ ಅದೊಂದು. ಸೀಸದ ಆಕ್ಸೈಡ್ ಸುಮಾರು 36 ಶೇಕಡಾ, ಬೇರಿಯಂ ಆಕ್ಸೈಡ್ ಸುಮಾರು 11 ಶೇಕಡಾ. ಅದನ್ನು ಮೊದಲು ಅಳೆಯದೆ ಮಣಿಗೆ ಕೈ ಹಚ್ಚಬೇಡಿ.

ಎಲ್ಲಿ ಅಳೆಯುವುದು ಅನ್ನುವುದಕ್ಕೇ ಜಾಸ್ತಿ ಹೊತ್ತು ಹಿಡಿಯಿತು. ಒಂದು ಮಣಿಯ ಮೈ ತುಂಬ ಕಂದು ಹೊಪ್ಪಳೆ. ಬೆಳಕು ಓರೆಯಾಗಿ ಬಿದ್ದರೆ ಕಾಮನಬಿಲ್ಲಿನ ಬಣ್ಣ. ಲೆನ್ಸ್ ಹಿಡಿದು ತಿರುಗಿಸುತ್ತಾ ಹೋದಾಗ, ದಾರ ಪೋಣಿಸುವ ತೂತಿನ ಅಂಚಿನಲ್ಲಿ ಒಂದು ಚಕ್ಕೆ ಎದ್ದಿದ್ದು ಕಂಡಿತು. ಒಳಗೆ ತಿಳಿ ನೀಲಿ ಗಾಜು ಹೊಸದರಂತೆ ಹೊಳೆಯುತ್ತಿತ್ತು. ಗನ್ನಿನ ಕಿಂಡಿಯನ್ನು 3 ಮಿಲಿಮೀಟರಿಗೆ ಇಳಿಸಿ, ಮಣಿಯನ್ನು ಫೋಮಿನಲ್ಲಿ ಕೂರಿಸಿ, ಗನ್ನನ್ನು ಸ್ಟ್ಯಾಂಡಿಗೆ ಕಟ್ಟಿ, ಅಲ್ಲಿಗೇ ಗುರಿಯಿಟ್ಟೆ. ಹೊಪ್ಪಳೆಯ ಮೇಲೂ ಅಳೆದೆ. ಎರಡರ ನಂಬರಿಗೂ ಅಜಗಜಾಂತರ. ಹೊಪ್ಪಳೆಯಲ್ಲಿ ಸೀಸ ಸಿಕ್ಕಾಪಟ್ಟೆ ಜಾಸ್ತಿ, ಸಿಲಿಕಾನ್ ತೀರಾ ಕಡಿಮೆ. ಆ ಹೊಪ್ಪಳೆಯ ಮೇಲೆ, ಚದುರಿದ ಬೆಳಕಿನಿಂದ ಸಂಯುಕ್ತವನ್ನು ಗುರುತಿಸುವ ರಾಮನ್ ಯಂತ್ರದ ಲೇಸರ್ ಬಿಟ್ಟಾಗ, ಅದರ ಅಳತೆಪಟ್ಟಿಯಲ್ಲಿ 1054ರ (ಸೆಂ.ಮೀ.⁻¹) ಹತ್ತಿರ ಚೂಪಾದ ಗೆರೆ ಎದ್ದಿತು. ಅದು ಸೀಸದ ಕಾರ್ಬೋನೇಟ್. ಮಣ್ಣಿನೊಳಗಿದ್ದಷ್ಟು ಕಾಲವೂ ಗಾಜಿನ ಸೀಸ ಮೈಮೇಲೆ ಬಂದು ಬೇರೆ ರೂಪ ತಾಳಿದೆ.

ಹೊಪ್ಪಳೆಯ ನಂಬರನ್ನು ಯಾಕೆ ನಂಬಬಾರದು ಅನ್ನುವುದಕ್ಕೆ ಇನ್ನೊಂದು ಕಾರಣವೂ ತಿಳಿದಿರಬೇಕು. ಸಿಲಿಕಾನ್‌ನ ಸುದ್ದಿ ಗನ್ನಿಗೆ ಮುಟ್ಟುವುದು ಮೇಲಿನ ಕೆಲವೇ ಮೈಕ್ರಾನ್‌ಗಳಿಂದ. ಬೇರಿಯಂನ ಕೆ ಪೀಕ್ ಅದಕ್ಕಿಂತ ಎಷ್ಟೋ ಆಳದಿಂದ ಬರುತ್ತದೆ. ಒಂದೇ ಅಳತೆಯಲ್ಲಿ ಬೇರೆ ಬೇರೆ ಆಳದ ಸುದ್ದಿ ಕಲಸಿಹೋಗಿರುತ್ತದೆ. ಎಲ್ಲ ಕೂಡಿ 100 ಬಂತು ಅಂದ ಮಾತ್ರಕ್ಕೆ ಅದು ಗಾಜಿನ ಲೆಕ್ಕ ಆಗಲ್ಲ.

ಇನ್ನೊಂದು ಮಣಿಯಲ್ಲಿ ಬೇರಿಯಂ ಇಲ್ಲವೇ ಇಲ್ಲ, ಸೀಸವೂ ಇಲ್ಲ ಅನ್ನುವಷ್ಟು ಕಡಿಮೆ, ಸುಣ್ಣದ ಅಂಶ ಚೆನ್ನಾಗಿತ್ತು. ಸೋಡಾ ಗಾಜು ಅಂತ ಬರೆದುಬಿಡುವ ಆಸೆ ಆಗುತ್ತೆ ಅಲ್ವಾ? ಆದರೆ ಸೋಡಾ ಅಂದರೆ ಸೋಡಿಯಂ, ಅದರ ಎಕ್ಸ್-ಕಿರಣ ಎಷ್ಟು ಮೆತ್ತಗೆಂದರೆ ನಡುವಿನ ಗಾಳಿಯೇ ಅದನ್ನು ನುಂಗಿಬಿಡುತ್ತದೆ. ಪೊಟ್ಯಾಸಿಯಂ ಕಾಣದಿದ್ದರೂ ಅದು ಮಣ್ಣಿಗೆ ಸೋರಿಹೋಗಿರಬಹುದು. ಸೋಡಾದ ಬದಲು ಪೊಟ್ಯಾಸಿಯಂ ಇರುವ ಪೊಟ್ಯಾಶ್-ಸುಣ್ಣದ ಗಾಜೂ ಈ ಸೀಮೆಯಲ್ಲಿ ಉಂಟು. ಇದೇ ಪ್ರಾಂತ್ಯದಲ್ಲಿ 1965ರಲ್ಲಿ ಸಿಕ್ಕ ಹಳೆಯ ಯುಯೆ ನಾಡಿನ ಗೌಜಿಯಾನ್ ರಾಜನ ಕತ್ತಿಯ ಹಿಡಿಗೆ ಕೂರಿಸಿದ್ದ ಗಾಜು ಅಂಥದ್ದೇ. ಹಾಗಾಗಿ ಆ ಮಣಿಯನ್ನು ಪ್ರೋಟಾನ್ ಕಿರಣದ ಪಿಕ್ಸ್ ಯಂತ್ರಕ್ಕೆ ಕಳಿಸಿ ಅಂತ ಬರೆದೆ. ಅದರಲ್ಲಿ ಕಿರಣವನ್ನು ನಿರ್ವಾತದಿಂದ ಹೊರಗೆ ತಂದು, ಮಣಿಯ ಮುಂದೆ ಹೀಲಿಯಂ ಹರಿಸಿದರೆ ಸೋಡಿಯಂ ಕೂಡ ಕಾಣುತ್ತದೆ.

ವರದಿಯಲ್ಲಿ ಹೊಪ್ಪಳೆಯ ಶೇಕಡಾ ಅಂಕಣ ಕೊಡಲಿಲ್ಲ, ಸ್ಪೆಕ್ಟ್ರಮ್, ಅಂದರೆ ಪೀಕ್‌ಗಳ ಗ್ರಾಫ್ ಮಾತ್ರ ಹಾಕಿದೆ. ನಂಬರ್ ಎಲ್ಲಿ ಅಂತ ಕ್ಯುರೇಟರ್ ಕೇಳಿದರು. ತೂತಿನ ಅಂಚಿನದ್ದು ಮಾತ್ರ ಕೊಟ್ಟೆ, ಪಕ್ಕದಲ್ಲೇ ಕಾರ್ನಿಂಗ್ ‘ಸಿ’ಯನ್ನು ಅದೇ ಗನ್ ಎಷ್ಟು ತೋರಿಸಿತು ಅನ್ನುವುದನ್ನೂ ಸೇರಿಸಿ.