ಹೊಸ ಗೇಮ್ ಕನ್ಸೋಲ್ ನಿರಾಸೆ ತರುತ್ತದೆಯೇ? ಕೊಳ್ಳುವ ಮೊದಲು ಮನೆಯಲ್ಲೇ ಲೆಕ್ಕ ಹಾಕುವ ಬಗೆ

ಮಂಡ್ಯದಲ್ಲಿ ಕೆಲಸಕ್ಕೆ ಸೇರಿರುವ ನನ್ನ ಅಕ್ಕನ ಮಗ ದಸರಾ ರಜೆಗೆ ಮೈಸೂರಿನ ನಮ್ಮ ಮನೆಗೆ ಬಂದಿದ್ದಾಗ, ರಾತ್ರಿ ಊಟ ಮುಗಿಸಿ ಕೈ ತೊಳೆಯುತ್ತಾ ಕೇಳಿದ: "ಮಾವ, ಪ್ಲೇಸ್ಟೇಷನ್ 5 ತಗೊಂಡೋರೆಲ್ಲ ಹಳೇದಕ್ಕೂ ಇದಕ್ಕೂ ಅಂಥಾ ವ್ಯತ್ಯಾಸ ಏನಿಲ್ಲ ಅಂತಾರೆ. ಐವತ್ತು ಸಾವಿರ ಹಾಕೋದೋ ಬ್ಯಾಡ್ವೋ?" ಟಿ.ವಿ.ಗೆ ಜೋಡಿಸಿ ಆಡುವ ಈ ಆಟದ ಯಂತ್ರಗಳಲ್ಲಿ (ಕನ್ಸೋಲ್) ಅವನ ಬಳಿ ಪ್ಲೇಸ್ಟೇಷನ್ 4 ಇದೆ, ನನ್ನ ಬಳಿ 5 ಇದೆ. ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ಪ್ರಶ್ನೆ ಇದಲ್ಲವಾದ್ದರಿಂದ ಇಬ್ಬರೂ ಎರಡು ದಿನ ಕೂತು ಒಂದೊಂದನ್ನೇ ಪರೀಕ್ಷಿಸಿದೆವು. ಅದೇ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ. ಈ ತಲೆಮಾರಿನ ಯಂತ್ರಗಳು ನಿರಾಸೆ ಮಾಡಿಲ್ಲ. ಆ ಯಂತ್ರಗಳಿಗೆಂದೇ ಮಾಡಬೇಕಾಗಿದ್ದ ಆಟಗಳು ತಡವಾದವು, ಇಳಿಯಬೇಕಾಗಿದ್ದ ಬೆಲೆ ಏರಿತು. ಯಂತ್ರ, ಆಟ, ಬೆಲೆ ಈ ಮೂರನ್ನೂ ಒಟ್ಟಿಗೆ ಕಲಸಿ ನೋಡಿದರೆ ಎಲ್ಲವೂ ಸಪ್ಪೆಯಾಗಿ ಕಾಣುತ್ತದೆ. ಆದ್ದರಿಂದ ಮೂರನ್ನೂ ಬೇರೆ ಬೇರೆಯಾಗಿ ಅಳೆಯಬೇಕು.

ಈ ತಲೆಮಾರು ಎಂದರೆ 2020ರ ನವೆಂಬರ್‌ನಲ್ಲಿ ಹೊರಬಂದ ಸೋನಿಯ ಪ್ಲೇಸ್ಟೇಷನ್ 5 ಹಾಗೂ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮತ್ತು ಸೀರೀಸ್ ಎಸ್. ಎಕ್ಸ್‌ಬಾಕ್ಸ್ ಭಾರತಕ್ಕೂ ಆಗಲೇ ಬಂತು. ಪ್ಲೇಸ್ಟೇಷನ್ 5 ಮಾತ್ರ 2021ರ ಫೆಬ್ರವರಿ 2ರವರೆಗೆ ಕಾಯಿಸಿತು. ನಿಂಟೆಂಡೊ ಸ್ವಿಚ್ 2 ಬಂದದ್ದು 2025ರ ಜೂನ್‌ನಲ್ಲಿ. ನಿಂಟೆಂಡೊ ನಮ್ಮ ದೇಶದಲ್ಲಿ ಅಧಿಕೃತವಾಗಿ ಮಾರಾಟ ಮಾಡುವುದಿಲ್ಲ, ಹೊರಗಿನಿಂದ ತರಿಸಿದ ಯಂತ್ರ ಕೆಟ್ಟರೆ ಇಲ್ಲಿ ಕೇಳುವವರಿರುವುದಿಲ್ಲ. ಹಾಗಾಗಿ ಅದನ್ನು ಈ ಲೆಕ್ಕದಿಂದ ಹೊರಗಿಡುತ್ತೇನೆ.

ಮೊದಲ ಪರೀಕ್ಷೆ ಯಂತ್ರದ್ದು. ಇದಕ್ಕೆ ಹೊಸ ಯಂತ್ರವಿರುವ ಒಬ್ಬ ಸ್ನೇಹಿತರೂ ನಿಮ್ಮ ಬಳಿ ಈಗಾಗಲೇ ಇರುವ ಒಂದು ಹಳೆಯ ಡಿಸ್ಕೂ ಸಾಕು. ಪ್ಲೇಸ್ಟೇಷನ್ 4ರ ಬಹುತೇಕ ಎಲ್ಲ ಆಟಗಳೂ 5ರಲ್ಲಿ ಓಡುತ್ತವೆ. ನಾವು ತೆಗೆದುಕೊಂಡದ್ದು 2018ರ 'ಗಾಡ್ ಆಫ್ ವಾರ್' ಡಿಸ್ಕ್. ಅದರಲ್ಲಿ ತಂದೆ ಮಗ ದೋಣಿಯಲ್ಲಿ ಕೂತು ಸರೋವರ ದಾಟುವ ಭಾಗವಿದೆ. ಹಳೆಯ ಯಂತ್ರದಲ್ಲಿ ದೋಣಿ ಸಾಗುತ್ತಿರುವಾಗ ಬಲಗೈ ಹೆಬ್ಬೆರಳಿನಿಂದ ನೋಟವನ್ನು ದಡದ ಕಡೆ ತಿರುಗಿಸಿದರೆ, ಬಂಡೆಗಳ ಅಂಚು ಕಲಸಿ ಹೋಗಿ, ಕೈ ನಿಂತ ಮೇಲೆ ಮತ್ತೆ ಕೂಡಿಕೊಳ್ಳುತ್ತದೆ. ಜೊತೆಗೆ ಯಂತ್ರದ ಫ್ಯಾನು ಮಗನ ಮಾತನ್ನೇ ಮುಚ್ಚುವಷ್ಟು ಸದ್ದು ಮಾಡುತ್ತದೆ. ಅದೇ ಡಿಸ್ಕನ್ನು ಹೊಸದಕ್ಕೆ ಹಾಕಿ ಅದೇ ದಡದತ್ತ ತಿರುಗಿಸಿದಾಗ ಬಂಡೆಯ ಮೇಲಿನ ಪಾಚಿ ಕೂಡ ನೋಟದ ಜೊತೆಜೊತೆಗೇ ಬಂತು, ಕೋಣೆಯಲ್ಲಿ ನೀರಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಹಳೆಯದರಲ್ಲಿ ಸೆಕೆಂಡಿಗೆ 30 ಚಿತ್ರಗಳು ಮೂಡುತ್ತಿದ್ದರೆ ಹೊಸದರಲ್ಲಿ 60 ಮೂಡುತ್ತವೆ. ಅಂದರೆ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವಿನ ಅಂತರ ಸುಮಾರು 33 ಮಿಲಿಸೆಕೆಂಡಿನಿಂದ ಸುಮಾರು 17ಕ್ಕೆ ಇಳಿದಿದೆ. ಹುಡುಗ ಏನೂ ಮಾತಾಡದೆ ಮತ್ತೆರಡು ಸಲ ತಿರುಗಿಸಿ ನೋಡಿದ.

ಎರಡನೆಯದಾಗಿ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು, ಆಟ ತೆರೆಯುವುದರಿಂದ ಹಿಡಿದು ಕೈಗೆ ಹಿಡಿತ ಸಿಗುವವರೆಗಿನ ಸಮಯವನ್ನು ಎರಡರಲ್ಲೂ ಬರೆದುಕೊಳ್ಳಿ. ಹಳೆಯ ತಲೆಮಾರಿನವು ತಿರುಗುವ ಹಾರ್ಡ್ ಡಿಸ್ಕನ್ನು ನೆಚ್ಚಿಕೊಂಡಿದ್ದವು. ಪ್ಲೇಸ್ಟೇಷನ್ 5ರ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ, ವೇಗದ ಸಂಗ್ರಹ) ಸೆಕೆಂಡಿಗೆ 5.5 ಜಿಬಿ, ಸೀರೀಸ್ ಎಕ್ಸ್‌ನದು 2.4 ಜಿಬಿ ಓದಬಲ್ಲದು. ಹೊಸ ಯಂತ್ರಕ್ಕೆಂದೇ ಬರೆದ ಆಟದಲ್ಲಿ ಈ ವ್ಯತ್ಯಾಸ ಕಣ್ಣಿಗೆ ರಾಚುತ್ತದೆ. ಹಳೆಯ ಆಟದಲ್ಲಿ ಅಷ್ಟಿರುವುದಿಲ್ಲ, ಏಕೆಂದರೆ ಅದನ್ನು ಬರೆದವರು ನಿಧಾನವಾದ ಡಿಸ್ಕನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿರುತ್ತಾರೆ.

ಇನ್ನು ನಿಮ್ಮ ಟಿ.ವಿ.ಯ ಕಡೆ ತಿರುಗಿ. 'ವ್ಯತ್ಯಾಸವೇ ಇಲ್ಲ' ಎನ್ನುವವರಲ್ಲಿ ಎಷ್ಟೋ ಮಂದಿಯ ದೂರಿಗೆ ಟಿ.ವಿ.ಯೇ ಕಾರಣ ಎಂಬುದು ನಾನು ಪರಿಚಯದವರ ಮನೆಗಳಲ್ಲಿ ಕಂಡ ಸಂಗತಿ. 32 ಇಂಚಿನ ಹಳೆಯ ಟಿ.ವಿ.ಯನ್ನು ಎಂಟು ಹತ್ತು ಅಡಿ ದೂರದಿಂದ ನೋಡುವವರಿಗೆ 4ಕೆ ಎಂಬ ಅತಿ ಸ್ಪಷ್ಟ ಚಿತ್ರದ ಸೂಕ್ಷ್ಮ ದಕ್ಕುವುದಿಲ್ಲ. ಸೆಕೆಂಡಿಗೆ 120 ಚಿತ್ರ ಬೇಕೆಂದರೆ ಟಿ.ವಿ.ಯ ಪರದೆಯೂ 120 ಹರ್ಟ್ಸ್‌ನದಾಗಿರಬೇಕು. ಅದನ್ನು 4ಕೆ ಗುಣಮಟ್ಟದಲ್ಲೇ ಬಯಸುವುದಾದರೆ ಎಚ್‌ಡಿಎಂಐ 2.1 ಎಂಬ ಬಗೆಯ ಕೇಬಲ್ ಪೋರ್ಟೂ ಬೇಕು. ಡಬ್ಬದ ಮೇಲಿನ ದೊಡ್ಡ ಅಕ್ಷರಗಳನ್ನು ನಂಬದೆ, ಕನ್ಸೋಲ್ ಜೋಡಿಸಿ ಅದರ ಸೆಟ್ಟಿಂಗ್ಸ್‌ನಲ್ಲಿರುವ ವೀಡಿಯೊ ಮಾಹಿತಿಯ ಪುಟವನ್ನು ತೆರೆದು ನೋಡಿ. ನಿಜವಾಗಿ ಏನು ಹೋಗುತ್ತಿದೆ ಎಂಬುದು ಅಲ್ಲಿ ತಿಳಿಯುತ್ತದೆ. ಅನೇಕ ಆಟಗಳಲ್ಲಿ ಚಿತ್ರದ ಗುಣಮಟ್ಟಕ್ಕೆ ಒಂದು, ವೇಗಕ್ಕೆ ಒಂದು ಎಂದು ಎರಡು ಆಯ್ಕೆಗಳಿರುತ್ತವೆ. ಸಾಧಾರಣ ಟಿ.ವಿ. ಇರುವವರು ವೇಗದ ಆಯ್ಕೆಯನ್ನೇ ಇಟ್ಟುಕೊಳ್ಳುವುದು ಮೇಲು ಎಂಬುದು ನನ್ನ ಖಚಿತ ಸಲಹೆ.

ಈಗ ಮುಖ್ಯ ವಿಷಯವಾದ ಆಟಗಳು. ಒಂದು ಹಾಳೆ ತೆಗೆದುಕೊಂಡು, ನೀವು ನಿಜವಾಗಿಯೂ ಆಡಬೇಕೆಂದಿರುವ ಆಟಗಳ ಹೆಸರನ್ನು ಬರೆಯಿರಿ. ಪಕ್ಕದಲ್ಲಿ, ಅದು ನಿಮ್ಮ ಹಳೆಯ ಯಂತ್ರದಲ್ಲೂ ಓಡುತ್ತದೆಯೇ ಎಂಬುದನ್ನು ಗುರುತು ಹಾಕಿ. ನಿರಾಸೆಯ ಬೇರು ಎಲ್ಲಿದೆ ಎಂಬುದು ಈ ಹಾಳೆಯಲ್ಲಿ ಕಾಣಿಸುತ್ತದೆ. 2022ರಲ್ಲಿ ಬಂದ 'ಹೊರೈಜನ್ ಫರ್ಬಿಡನ್ ವೆಸ್ಟ್', 'ಗ್ರ್ಯಾನ್ ಟುರಿಸ್ಮೊ 7', 'ಗಾಡ್ ಆಫ್ ವಾರ್ ರ‍್ಯಾಗ್ನರಾಕ್' ಮೂರೂ ಪ್ಲೇಸ್ಟೇಷನ್ 4ಕ್ಕೂ ಬಂದವು. 2021ರ 'ಹೇಲೋ ಇನ್ಫಿನಿಟ್' ಹಳೆಯ ಎಕ್ಸ್‌ಬಾಕ್ಸ್ ಒನ್‌ಗೂ ಬಂತು. ಹಳೆಯ ಯಂತ್ರವಿರುವ ಕೋಟ್ಯಂತರ ಮಂದಿಯನ್ನು ಬಿಡಲು ಕಂಪನಿಗಳಿಗೆ ಮನಸ್ಸಿರಲಿಲ್ಲ, ಚಿಪ್‌ಗಳ ಕೊರತೆಯಿಂದ ಹೊಸ ಯಂತ್ರಗಳೂ ಸಾಕಷ್ಟು ತಯಾರಾಗಲಿಲ್ಲ. ಹಳೆಯದರಲ್ಲೂ ಓಡಲೇಬೇಕಾದ ಆಟ ಹೊಸದರ ಪೂರ್ಣ ಶಕ್ತಿಯನ್ನು ಬಳಸಿಕೊಳ್ಳಲಾರದು.

ಇದರ ಮೇಲೆ, ದೊಡ್ಡ ಆಟವೊಂದನ್ನು ಕಟ್ಟಲು ಈಗ ಐದಾರು ವರ್ಷ ಬೇಕಾಗುತ್ತಿದೆ. ನಾಟಿ ಡಾಗ್‌ನಂಥ, ಸೋನಿಗೆ ಸೇರಿದ ಆಟ ತಯಾರಿಸುವ ಸಂಸ್ಥೆ 2020ರ ಜೂನ್‌ನಲ್ಲಿ ಪ್ಲೇಸ್ಟೇಷನ್ 4ಕ್ಕೆ ದೊಡ್ಡ ಆಟ ಕೊಟ್ಟ ಮೇಲೆ, 2025 ಮುಗಿದರೂ ಪ್ಲೇಸ್ಟೇಷನ್ 5ಕ್ಕೆ ಕೊಟ್ಟದ್ದು ಹಳೆಯ ಆಟಗಳ ಹೊಸ ರೂಪಗಳನ್ನೇ. 'ಗ್ರ್ಯಾಂಡ್ ಥೆಫ್ಟ್ ಆಟೊ 5' ಬಂದದ್ದು 2013ರಲ್ಲಿ. ಅದೊಂದೇ ಆಟ ಪ್ಲೇಸ್ಟೇಷನ್ 3, 4, 5 ಮೂರನ್ನೂ ಹಾದು ಬಂದಿದೆ. 2022ರಲ್ಲಿ ಸೋನಿ ಸದಾ ಆನ್‌ಲೈನ್‌ನಲ್ಲಿ ನಡೆಯುವ ಆಟಗಳನ್ನು ಹತ್ತಕ್ಕೂ ಹೆಚ್ಚು ತರುತ್ತೇನೆಂದು ಹೊರಟಿತು. ಅವುಗಳಲ್ಲಿ 'ಕಾನ್ಕಾರ್ಡ್' ಎಂಬುದು 2024ರ ಆಗಸ್ಟ್ 23ರಂದು ಬಿಡುಗಡೆಯಾಗಿ ಸೆಪ್ಟೆಂಬರ್ 6ಕ್ಕೆಲ್ಲ ಬಾಗಿಲು ಹಾಕಿತು. ಅದಕ್ಕೆ ಸವೆಸಿದ ವರ್ಷಗಳು ಒಬ್ಬರೇ ಕೂತು ಆಡುವ ಒಳ್ಳೆಯ ಆಟಗಳಿಗೆ ಸಲ್ಲಬೇಕಾಗಿತ್ತು ಎಂಬ ನೋವು ನನಗಿದೆ. ಆದರೂ ಹಾಳೆಯ ಇನ್ನೊಂದು ಬದಿ ಖಾಲಿಯಾಗಿಲ್ಲ: 'ಡೀಮನ್ಸ್ ಸೋಲ್ಸ್', 'ರಿಟರ್ನಲ್', 'ರ‍್ಯಾಚೆಟ್ ಅಂಡ್ ಕ್ಲ್ಯಾಂಕ್: ರಿಫ್ಟ್ ಅಪಾರ್ಟ್', 'ಸ್ಪೈಡರ್‌ಮ್ಯಾನ್ 2', 'ಆಸ್ಟ್ರೋ ಬಾಟ್' ಇವೆಲ್ಲ ಪ್ಲೇಸ್ಟೇಷನ್ 4ಕ್ಕೆ ಬಾರದ ಆಟಗಳು. ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರ್ ಅಂಗೈಯಲ್ಲಿ ಮರಳಿನ ಮೇಲೆ ನಡೆದಂತೆಯೂ ಗಾಜಿನ ಮೇಲೆ ಜಾರಿದಂತೆಯೂ ಬೇರೆ ಬೇರೆಯಾಗಿ ಕಂಪಿಸುವುದನ್ನು 'ಆಸ್ಟ್ರೋ ಬಾಟ್' ಆಡಿ ಅನುಭವಿಸಿದ ಮೇಲೆ, ಈ ಯಂತ್ರದಲ್ಲಿ ಹೊಸತೇನಿಲ್ಲ ಎಂಬ ಮಾತನ್ನು ನಾನು ಒಪ್ಪಲಾರೆ.

ನಿಮ್ಮ ಹಾಳೆಯಲ್ಲಿ ಹೊಸ ಯಂತ್ರದಲ್ಲಿ ಮಾತ್ರ ಓಡುವ ಆಟಗಳು ನಾಲ್ಕಕ್ಕಿಂತ ಕಡಿಮೆಯಿದ್ದರೆ ಸದ್ಯಕ್ಕೆ ಕೊಳ್ಳಬೇಡಿ. ಎಕ್ಸ್‌ಬಾಕ್ಸ್ ಕೊಳ್ಳುವವರು ಇನ್ನೂ ಒಂದು ಕಲಂ ಸೇರಿಸಬೇಕು. 2024ರಿಂದ ಮೈಕ್ರೋಸಾಫ್ಟ್ ತನ್ನ ಆಟಗಳನ್ನು ಸೋನಿಯ ಯಂತ್ರಕ್ಕೂ ಕೊಡುತ್ತಾ ಬಂದಿದೆ. 'ಫೋರ್ಜಾ ಹೊರೈಜನ್ 5' 2025ರ ಏಪ್ರಿಲ್‌ನಲ್ಲಿ ಪ್ಲೇಸ್ಟೇಷನ್ 5ಕ್ಕೆ ಬಂತು. ಅಲ್ಲಿಗೆ ಎಕ್ಸ್‌ಬಾಕ್ಸ್‌ನಲ್ಲಿ ಮಾತ್ರ ಸಿಗುವ ಆಟ ಎಂಬ ಆಕರ್ಷಣೆ ಬಹಳ ಮಟ್ಟಿಗೆ ಸವೆದಿದೆ. ಹಳೆಯ ಎಕ್ಸ್‌ಬಾಕ್ಸ್ 360ರ ಡಿಸ್ಕ್‌ಗಳನ್ನು ಜೋಪಾನ ಮಾಡಿಟ್ಟುಕೊಂಡವರಿಗೆ ಮಾತ್ರ ಸೀರೀಸ್ ಎಕ್ಸ್ ಇಂದಿಗೂ ಒಳ್ಳೆಯ ಯಂತ್ರ. ಆ ಡಿಸ್ಕ್‌ಗಳಲ್ಲಿ ಹಲವನ್ನು ಅದು ಓದುತ್ತದೆ. ಪ್ಲೇಸ್ಟೇಷನ್ 5 ತನ್ನದೇ ಪ್ಲೇಸ್ಟೇಷನ್ 3ರ ಡಿಸ್ಕನ್ನು ಓದುವುದಿಲ್ಲ.

ಬೆಲೆಯ ವಿಷಯದಲ್ಲಿ ಜನರ ಸಿಟ್ಟು ನ್ಯಾಯವಾದದ್ದು. ಅಮೆರಿಕದಲ್ಲಿ 2000ದಲ್ಲಿ 299 ಡಾಲರ್ ಇದ್ದ ಪ್ಲೇಸ್ಟೇಷನ್ 2, 2009ರ ಹೊತ್ತಿಗೆ 99 ಡಾಲರಿಗೆ ಇಳಿದಿತ್ತು. 2013ರಲ್ಲಿ 399 ಡಾಲರ್ ಇದ್ದ ಪ್ಲೇಸ್ಟೇಷನ್ 4 ಮೂರು ವರ್ಷದಲ್ಲಿ 299ಕ್ಕೆ ಬಂತು. 499 ಡಾಲರಿನ ಪ್ಲೇಸ್ಟೇಷನ್ 5 ಮಾತ್ರ 2025ರ ಆಗಸ್ಟ್‌ನಲ್ಲಿ 549ಕ್ಕೆ ಏರಿತು. ಇಲ್ಲಿಯೂ 49,990 ರೂಪಾಯಿ ಇದ್ದದ್ದು 2022ರ ನವೆಂಬರ್‌ನಲ್ಲಿ 54,990 ಆಯಿತು. 'ಸ್ವಲ್ಪ ತಾಳು, ಅಗ್ಗವಾಗುತ್ತದೆ' ಎಂದು ಹಿಂದೆ ಕಣ್ಣುಮುಚ್ಚಿ ಹೇಳಬಹುದಾಗಿದ್ದ ಮಾತು ಈ ಸಲ ಕೈಕೊಟ್ಟಿದೆ. ಕೊಳ್ಳಲು ತೀರ್ಮಾನಿಸಿದರೆ ಹಬ್ಬದ ರಿಯಾಯಿತಿಯನ್ನು ನೋಡಿ ಕೊಳ್ಳಿ, ಅದರಾಚೆಗೆ ಕಾಯುವುದರಿಂದ ಲಾಭವಿಲ್ಲ.

ಅಂಗಡಿಯಲ್ಲಿ ಬಿಲ್ ಬರೆಸುವಾಗ ಯಂತ್ರದ ಬೆಲೆ ಪ್ರತ್ಯೇಕವಾಗಿದೆಯೇ ಎಂದು ನೋಡಿಕೊಳ್ಳಿ. ಕೊರತೆಯಿದ್ದ 2021ರಲ್ಲಿ ನಾನು ಕೊಂಡ ಅಂಗಡಿಯವರು, ಒಂದು ಹೆಚ್ಚುವರಿ ಕಂಟ್ರೋಲರನ್ನೂ ನನಗೆ ಬೇಡವಾದ ಎರಡು ಆಟಗಳನ್ನೂ ಸೇರಿಸಿಯೇ ಕೊಡುವುದು ಎಂದು ಪಟ್ಟು ಹಿಡಿದರು. ನಾನು ಸೋತು ಕೊಟ್ಟೆ. ಆ ಎರಡು ಆಟಗಳಲ್ಲಿ ಒಂದರ ಪ್ಲಾಸ್ಟಿಕ್ ಹೊದಿಕೆಯನ್ನು ಈವರೆಗೂ ಹರಿದಿಲ್ಲ.

ಯಂತ್ರಕ್ಕಿಂತ ಹೆಚ್ಚಿನ ಹಣ ಆಟಗಳಿಗೆ ಹೋಗುತ್ತದೆ ಎಂಬುದನ್ನು ಮರೆಯಬಾರದು. ಸೋನಿಯ ದೊಡ್ಡ ಆಟವೊಂದಕ್ಕೆ ಇಲ್ಲಿ 4,999 ರೂಪಾಯಿ. ಹತ್ತು ಆಟ ಕೊಂಡರೆ ಯಂತ್ರದ ಮೊದಲಿನ ಬೆಲೆಯಷ್ಟೇ ಮತ್ತೊಮ್ಮೆ ಕೊಟ್ಟಂತಾಗುತ್ತದೆ. ಡಿಸ್ಕ್ ಇಲ್ಲದ ಡಿಜಿಟಲ್ ಮಾದರಿ (2021ರಲ್ಲಿ ಅದು ಹತ್ತು ಸಾವಿರ ಅಗ್ಗವಿತ್ತು) ಮನಸ್ಸನ್ನು ಎಳೆಯುತ್ತದೆ, ಆದರೆ ಆಡಿ ಮುಗಿಸಿದ ಡಿಸ್ಕನ್ನು ಮಾರಿ ಒಂದೊಂದರಲ್ಲೂ 1,500 ರೂಪಾಯಿ ಹಿಂದಕ್ಕೆ ಪಡೆದರೆ ಏಳು ಆಟಗಳಲ್ಲಿ ಆ ವ್ಯತ್ಯಾಸ ತೀರಿಹೋಗುತ್ತದೆ. ಮೈಸೂರು ಮಂಡ್ಯದ ಹುಡುಗರು ಡಿಸ್ಕ್‌ಗಳನ್ನು ಕೈಯಿಂದ ಕೈಗೆ ಬದಲಾಯಿಸಿಕೊಂಡು ಆಡುವ ರೂಢಿಯಿರುವಾಗ ಡಿಸ್ಕ್ ಇರುವ ಮಾದರಿಯೇ ಸರಿ. ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ಗೂ ಡಿಸ್ಕ್ ಇಲ್ಲ, ಜೊತೆಗೆ ಅದರ ಮೆಮೊರಿ 10 ಜಿಬಿ ಮಾತ್ರ, ಉಳಿದೆರಡಕ್ಕೂ 16 ಇದೆ. 2023ರಲ್ಲಿ 'ಬಾಲ್ಡರ್ಸ್ ಗೇಟ್ 3' ಎಕ್ಸ್‌ಬಾಕ್ಸ್‌ಗೆ ಮೂರು ತಿಂಗಳು ತಡವಾಗಿ ಬಂದದ್ದು ಈ ಚಿಕ್ಕ ಯಂತ್ರದಲ್ಲಿ ಇಬ್ಬರು ಪರದೆ ಹಂಚಿಕೊಂಡು ಆಡುವುದನ್ನು ಕೂಡಿಸಲಾಗದೆ.

ಕರೆಂಟಿನ ಲೆಕ್ಕವನ್ನೂ ಹಾಕಿ. ದೊಡ್ಡ ಆಟ ಆಡುವಾಗ ಯಂತ್ರ ಸುಮಾರು 200 ವ್ಯಾಟ್ ಎಳೆಯುತ್ತದೆ. ದಿನಕ್ಕೆ ಮೂರು ಗಂಟೆಯಂತೆ ತಿಂಗಳಿಗೆ 18 ಯೂನಿಟ್. ಗೃಹಜ್ಯೋತಿಯಲ್ಲಿ ನಿಮ್ಮ ಮನೆಗೆ ಸಿಗುವ ಉಚಿತ ಯೂನಿಟ್ಟು ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಮಾತ್ರ ಸೇರಿಸಿ ನಿಗದಿಯಾಗಿರುವುದರಿಂದ, ಈ 18 ಯೂನಿಟ್ಟು ಆ ಮಿತಿಯ ಹೊರಗೆ ಬೀಳುವ ಸಾಧ್ಯತೆಯುಂಟು. ಹಳ್ಳಿಯ ಮನೆಗಳಲ್ಲಿ ಆಟ ಉಳಿಸುವ ಹೊತ್ತಿಗೇ ಕರೆಂಟು ಹೋದರೆ ಉಳಿಸಿದ್ದು ಹಾಳಾಗಬಹುದು. ಚಿಕ್ಕ ಯುಪಿಎಸ್ ಇಟ್ಟುಕೊಳ್ಳುವುದು ಲೇಸು.

ಬಳಸಿದ ಯಂತ್ರ ಕೊಳ್ಳುವವರು ಮಾರುವವರ ಮನೆಯಲ್ಲೇ ಅರ್ಧ ಗಂಟೆ ಆಡಿ ನೋಡಿ. ಕಂಟ್ರೋಲರಿನ ಕಡ್ಡಿಯನ್ನು ಮುಟ್ಟದೆ ಬಿಟ್ಟು, ಪಾತ್ರ ತಾನಾಗಿ ನಡೆಯುತ್ತದೆಯೇ ಎಂದು ಗಮನಿಸಿ. ನಡೆದರೆ ಒಳಗಿನ ಭಾಗ ಸವೆದಿದೆ ಎಂದರ್ಥ. ಹೊಸ ಕಂಟ್ರೋಲರಿಗೆ ಆರು ಸಾವಿರದ ಆಸುಪಾಸು ಬೀಳುವುದರಿಂದ ಅಷ್ಟನ್ನು ಬೆಲೆಯಲ್ಲಿ ಕಳೆಯಿರಿ ಎಂದು ಸಂಕೋಚವಿಲ್ಲದೆ ಕೇಳಬಹುದು.

ಅಕ್ಕನ ಮಗನ ಹಾಳೆಯಲ್ಲಿ ಒಂಬತ್ತು ಆಟಗಳಿದ್ದವು. ಆರು ಅವನ ಹಳೆಯ ಯಂತ್ರದಲ್ಲೇ ಓಡುತ್ತಿದ್ದವು. ಅವನ ಟಿ.ವಿ. 32 ಇಂಚಿನದು. ಆ ಆರರಲ್ಲಿ ನನ್ನ ಬಳಿಯಿದ್ದ ಎರಡು ಡಿಸ್ಕ್‌ಗಳನ್ನು ಚೀಲಕ್ಕೆ ಹಾಕಿಕೊಂಡು ಮಂಡ್ಯದ ರೈಲು ಹತ್ತಿದ. ಅವನ್ನು ಮುಗಿಸಿ ಹಿಂದಕ್ಕೆ ತಂದ ದಿನ ಹಾಳೆಯನ್ನು ಮತ್ತೆ ಬರೆಯುವುದೆಂದು ಮಾತಾಗಿದೆ.