8× ಆದ್ಮೇಲೆ ಏನಿತ್ತು? ಹಳೇ ರೈಫಲ್ಲಿಗೆ ಮನೇಲೇ ಚೇಂಬರ್ ಕಾಸ್ಟ್ ಮಾಡಿದ ನನ್ನ ಅನುಭವ

ದೊಡ್ಡಪ್ಪ ಹೋದ್ಮೇಲೆ ಲೈಸೆನ್ಸ್ ಎಲ್ಲಾ ನನ್ನ ಹೆಸರಿಗೆ ಆಗಿ ಅವರ ರೈಫಲ್ ನನ್ನ ಕೈಗೆ ಬಂತು. ಮೌಸರ್ 98 ಆಕ್ಷನ್ನು (ತೋಟಾ ಹಾಕಿ ಹೊಡೆಯೋ ಯಂತ್ರಭಾಗ), ತೆಳ್ಳಗಿನ ಬ್ಯಾರಲ್ಲು, ಬೇಟೆಗೆ ಅಂತ ಮಾಡಿದ ಹಳೇ ಜರ್ಮನ್ ರೈಫಲ್. ಕಟ್ಟಿಗೆ, ಅಂದ್ರೆ ರೈಫಲ್ಲಿನ ಮರದ ಭಾಗ, ಬಿಚ್ಚಿ ನೋಡಿದ್ರೆ ಬ್ಯಾರಲ್ ಕೆಳಗಡೆ ಕಿರೀಟದ ಕೆಳಗೆ ಬಿ, ಯು, ಜಿ ಅಂತ ಪ್ರೂಫ್ ಗುರುತುಗಳು (ಪರೀಕ್ಷೆ ಪಾಸಾದ ಛಾಪು) ನೀಟಾಗಿ ಇದಾವೆ, ಅಂದ್ರೆ 1940ಕ್ಕಿಂತ ಮುಂಚಿನದ್ದು ಅನ್ನೋದು ಗ್ಯಾರಂಟಿ. ಆದ್ರೆ ಮುಖ್ಯವಾದ ಗುರುತೇ ಇಲ್ಲ. ಯಾವನೋ ಪುಣ್ಯಾತ್ಮ ಹೊಸದಾಗಿ ಬ್ಲೂಯಿಂಗ್ ಮಾಡ್ಸೋಕೆ ಹೋಗಿ ಬ್ಯಾರಲ್ ಮೇಲ್ಭಾಗನ ಚೆನ್ನಾಗಿ ಉಜ್ಜಿಬಿಟ್ಟಿದಾನೆ, "8×" ಅಂತ ಕಾಣುತ್ತೆ, ಅದ್ರ ಮುಂದೆ ಬರೀ ನುಣುಪು. ಜೊತೆಗೊಂದು ಡಬ್ಬಿ, ಅದ್ರಲ್ಲಿ ಹೊಡೆದು ಖಾಲಿಯಾದ ಎರಡು ಕೇಸು (ತೋಟಾದ ಹಿತ್ತಾಳೆ ಕವಚ), ಬುಡದಲ್ಲಿ 8×57 ಅಂತ ಛಾಪು, ಅಂದ್ರೆ 8 ಮಿಲಿಮೀಟರ್ ಗುಂಡು, 57 ಮಿಲಿಮೀಟರ್ ಉದ್ದದ ಕೇಸು. ಇನ್ನೇನು ಬೇಕು, 8×57 ಅಂತ ನಾನೇ ತೀರ್ಮಾನ ಮಾಡ್ಕೊಂಡೆ. ಆ ಕೇಸುಗಳ ಕುತ್ತಿಗೆ ಯಾಕೋ ಮೊಟಕು ಅನ್ನಿಸ್ತು, ಹಳೇ ಕಾಲದ್ದು ಹಿಂಗೇ ಇರುತ್ತೇನೋ ಅಂತ ಸುಮ್ಮನಾದೆ. ಆ ಕೇಸಿನ ವಿಷ್ಯ ನೆನಪಿಟ್ಕೊಳ್ಳಿ, ಕೊನೇಲಿ ಬರ್ತೀನಿ.

ಬಂದೂಕು ರಿಪೇರಿ ಮಾಡೋ ಒಬ್ರು ಅಣ್ಣ ಇದಾರೆ ನನಗೆ ಪರಿಚಯ. ಫೋನ್ ಮಾಡಿ 8×57 ತೋಟಾ ತಗೊಳ್ತೀನಣ್ಣಾ ಅಂದ್ರೆ, "ಯಾವ 8×57? ಜೆ ನಾ ಎಸ್ಸಾ?" ಅಂದ್ರು. ನನಗೆ ಗೊತ್ತಿರ್ಲಿಲ್ಲ. ವಿಷ್ಯ ಏನಂದ್ರೆ 1888ರ ಜರ್ಮನ್ ತೋಟಾದ ಗುಂಡು, ಅದೇ ಜೆ, .318 ಇಂಚು, ಅಂದ್ರೆ ಸುಮಾರು 8.08 ಮಿಲಿಮೀಟರ್. 1903ರಿಂದ ಬಂದ ಎಸ್ ಗುಂಡು .323, ಅಂದ್ರೆ 8.2. ಎರಡಕ್ಕೂ ಕೇಸು ಹೆಚ್ಚುಕಮ್ಮಿ ಒಂದೇ, ದಪ್ಪ ಗುಂಡಿನ ತೋಟಾ ಹಳೇ ಸಣ್ಣ ಬ್ಯಾರಲ್ಲಿರೋ ರೈಫಲ್ಲಿನ ಚೇಂಬರಿಗೂ (ಬ್ಯಾರಲ್ ಹಿಂಬದೀಲಿ ತೋಟಾ ಕೂರೋ ಗೂಡು) ಎಷ್ಟೋ ಸಲ ಕೂತ್ಕೊಂಡುಬಿಡುತ್ತೆ, ಹೊಡೆದಾಗ ಒತ್ತಡ ಎಲ್ಲಿಗೆ ಏರುತ್ತೆ ಅನ್ನೋದು ನಿಮ್ಮ ಹಣೆಬರಹ. (ಆ ಜೆ ಅಕ್ಷರ ನಿಜವಾಗಿ ಐ ಅಂತೆ, ಇನ್‌ಫೆಂಟ್ರಿಯ ಐ. ಹಳೇ ಜರ್ಮನ್ ಲಿಪೀಲಿ ದೊಡ್ಡ ಐ ನೋಡೋಕೆ ಜೆ ಥರ ಇರೋದ್ರಿಂದ ಹೊರಗಿನೋರು ಜೆ ಅಂತಲೇ ಓದಿ ಅದೇ ಉಳ್ಕೊಂಡುಬಿಡ್ತು.) "ಚೇಂಬರ್ ಕಾಸ್ಟ್ ತೆಗೀದೆ ಒಂದು ತೋಟಾನೂ ತಗೋಬೇಡ" ಅಂದ್ರು ಅಣ್ಣ. ಬ್ಯಾರಲ್ಲಿಗೆ ಸೀಸದ ಉಂಡೆ ತಳ್ಳಿ ಅಳೆದ್ರೆ ಆಗಲ್ವಾ ಅಂತ ಕೇಳ್ದೆ, ಅದ್ರಿಂದ ಬ್ಯಾರಲ್ ಅಳತೆ ಸಿಗುತ್ತೆ, ಚೇಂಬರ್ ಅಳತೆ ಸಿಗಲ್ಲ ಅಂದ್ರು.

ಕಾಸ್ಟ್ ಅಂದ್ರೆ ಬೇರೇನಿಲ್ಲ, ಚೇಂಬರೊಳಗೆ ಕರಗಿಸಿದ್ದೇನೋ ಒಂದನ್ನ ಹುಯ್ದು, ಗಟ್ಟಿಯಾದ್ಮೇಲೆ ಹೊರಗೆ ತಳ್ಳಿ, ಅದನ್ನ ಅಳೆಯೋದು. ಹಿಂದಿನೋರು ಗಂಧಕ ಕರಗಿಸಿ ಹುಯ್ತಿದ್ರು, ಈಗ್ಲೂ ಕೆಲವ್ರು ಹುಯ್ತಾರೆ. ನಾನು ಅದ್ರ ಸಹವಾಸಕ್ಕೆ ಹೋಗ್ಲಿಲ್ಲ, ವಾಸನೆ ಒಂದ್ಕಡೆ, ಹೊರಗೆ ತೆಗೆಯುವಾಗ ಪುಡಿಯಾಗೋದು ಇನ್ನೊಂದ್ಕಡೆ. ಸೆರೋಸೇಫ್ ಅನ್ನೋ ಮಿಶ್ರಲೋಹ ತರಿಸ್ಕೊಂಡೆ. ಬಿಸ್ಮತ್ 42.5, ಸೀಸ 37.7, ತವರ 11.3, ಕ್ಯಾಡ್ಮಿಯಂ 8.5 ಪರ್ಸೆಂಟು. 70ರಿಂದ 88 ಡಿಗ್ರಿ ಸೆಲ್ಸಿಯಸ್ ಒಳಗೆ ಕರಗಿಬಿಡುತ್ತೆ, ಅಂದ್ರೆ ಕುದಿಯೋ ನೀರೇ ಸಾಕು. ಕ್ಯಾಡ್ಮಿಯಂ ಇದೆ ಅನ್ನೋದಕ್ಕೇ ನೇರ ಉರಿ ಮೇಲೆ ಇಡ್ಬಾರ್ದು, ಜಾಸ್ತಿ ಕಾದ್ರೆ ಬರೋ ಹೊಗೆ ವಿಷ. ಅಡುಗೆ ಪಾತ್ರೆ ಅಂತೂ ಮುಟ್ಟಲೇಬೇಡಿ. ನಾನು ಬಿಸಾಕೋ ಒಂದು ಸಣ್ಣ ಸ್ಟೀಲ್ ಲೋಟ ತಗೊಂಡು, ಬಿಸಿನೀರಿನ ಪಾತ್ರೆ ಒಳಗೆ ಅದನ್ನ ಕೂರಿಸಿ ಕರಗಿಸ್ದೆ, ಕಿಟಕಿ ತೆಗೆದು, ಕೈಗೆ ಗ್ಲೌಸ್ ಹಾಕ್ಕೊಂಡು. ಈ ಥರದ ಚೇಂಬರಿಗೆ ನೂರು ಗ್ರಾಮ್ ಕೂಡ ಹಿಡಿಯಲ್ಲ.

ಇನ್ನು ತಯಾರಿ. ಮ್ಯಾಗಝೀನ್ ಖಾಲಿ, ಚೇಂಬರ್ ಖಾಲಿ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡಿ, ಬೋಲ್ಟ್ (ಚೇಂಬರನ್ನ ಹಿಂದಿನಿಂದ ಮುಚ್ಚೋ ಅಗುಳಿ) ತೆಗೆದು ಪಕ್ಕಕ್ಕಿಟ್ಟು, ಕಟ್ಟಿಗೆಯಿಂದ ಆಕ್ಷನ್ ಬಿಚ್ಚಿ, ವೈಸಿಗೆ ದಪ್ಪ ಬಟ್ಟೆ ಸುತ್ತಿ ಬ್ಯಾರಲ್ ಬಾಯಿ ಕೆಳಗೆ ಬರೋ ಹಾಗೆ ನಿಲ್ಲಿಸ್ದೆ. ಬಾಯಿ ಕಡೆಯಿಂದ ಕ್ಲೀನಿಂಗ್ ರಾಡ್ ತುದೀಲಿ ಬಟ್ಟೆ ಚೂರು ಬಿಗಿಯಾಗಿ ಸುತ್ತಿ ಮೇಲಕ್ಕೆ ತಳ್ಳಿ, ಚೇಂಬರ್ ಮುಗಿದು ಗ್ರೂವ್ (ಗುಂಡನ್ನ ತಿರುಗಿಸೋ ಸುರುಳಿ ಗಾಡಿ) ಶುರುವಾಗೋ ಜಾಗದಿಂದ ಎರಡು ಸೆಂಟಿಮೀಟರ್ ಕೆಳಗೆ ಬಿರಡೆ ಥರ ನಿಲ್ಲಿಸ್ಬೇಕು. ರಾಡ್ ಅಲ್ಲೇ ಇರ್ಲಿ, ಆಮೇಲೆ ತಳ್ಳೋಕೂ ಅದೇ ಬೇಕು. ಆ ಎರಡು ಸೆಂಟಿಮೀಟರೇ ಮುಖ್ಯ, ಗ್ರೂವಿನ ಅಳತೆ ಸಿಗೋದು ಅಲ್ಲೇ.

ಮೊದಲನೇ ಸಲ ಪೂರ್ತಿ ಎಡವಟ್ಟು. ಲೋಟದಿಂದ ನೇರವಾಗಿ ಹುಯ್ದೆ, ನಿಲ್ಲಿಸೋದ್ರೊಳಗೆ ಚೇಂಬರ್ ತುಂಬಿ ಮೇಲಕ್ಕೆ ಬಂದು ಬೋಲ್ಟಿನ ಲಗ್ಗು (ಬೋಲ್ಟನ್ನ ಬೀಗದ ಥರ ಹಿಡಿಯೋ ಉಬ್ಬು) ಕೂರೋ ಗುಂಡಿ ಒಳಗೆಲ್ಲಾ ಹರಿದು ಗಟ್ಟಿಯಾಗಿಬಿಡ್ತು. ಆ ಗುಂಡಿ ಬೋಲ್ಟ್ ಬರೋ ದಾರಿಗಿಂತ ಅಗಲ ಅಲ್ವಾ, ಹಾಗಾಗಿ ಒಳ್ಳೇ ಅಣಬೆ ಥರ ಕಚ್ಕೊಂಡು ರಾಡಿಗೆ ಎಷ್ಟು ಕುಟ್ಟಿದ್ರೂ ಜಪ್ಪಯ್ಯ ಅನ್ಲಿಲ್ಲ. ಎದೆ ಧಸಕ್ ಅಂತು, ದೊಡ್ಡಪ್ಪನ ರೈಫಲ್ ಹಾಳು ಮಾಡ್ದೆ ಅಂತ. ಆಮೇಲೆ ನೆನಪಾಯ್ತು, ಇದು ಬಿಸಿನೀರಿಗೇ ಕರಗೋ ಮಾಲು. ಬ್ಯಾರಲ್ ತಿರುಗಿಸಿ ಹಿಂಬದಿ ಕೆಳಗೆ ಮಾಡಿ, ಕೆಳಗೊಂದು ತಟ್ಟೆ ಇಟ್ಟು, ಹೀಟ್ ಗನ್ ಕಮ್ಮೀಲಿ ಇಟ್ಕೊಂಡು ಹೊರಗಿಂದ ಬಿಸಿ ಮಾಡ್ತಾ ಹೋದ್ರೆ ಸ್ವಲ್ಪ ಹೊತ್ತಿಗೆ ತಟ ತಟ ಅಂತ ಎಲ್ಲಾ ತಟ್ಟೆಗೆ ಇಳೀತು. ಈ ಲೋಹದ ದೊಡ್ಡ ಗುಣ ಅದೇ, ತಪ್ಪು ಮಾಡಿದ್ರೂ ಕ್ಷಮೆ ಇದೆ.

ಎರಡನೇ ಸಲ ಸಣ್ಣ ಫನೆಲ್ಲಿಗೆ ಹಿತ್ತಾಳೆ ಪೈಪ್ ಸಿಕ್ಕಿಸಿ ಹುಯ್ದೆ, ಮಟ್ಟ ಸರಿಯಾಗೇ ನಿಂತ್ಕೊಳ್ತು, ಆದ್ರೆ ಹೊರಗೆ ಬಂದ ಕಾಸ್ಟ್ ಮೈಯೆಲ್ಲಾ ಸುಕ್ಕು, ತೂತು. ಕಾರಣ ಎರಡು, ಒಂದು ಚೇಂಬರೊಳಗೆ ಹಳೇ ಎಣ್ಣೆ ಉಳಿದಿತ್ತು, ಇನ್ನೊಂದು ಕಬ್ಬಿಣ ತಣ್ಣಗಿತ್ತು. ಮೂರನೇ ಸಲಕ್ಕೆ ಚೇಂಬರನ್ನ ಸಾಲ್ವೆಂಟ್ ಹಾಕಿ ಒಣಬಟ್ಟೇಲಿ ಒರೆಸಿ ಒರೆಸಿ, ಬಟ್ಟೆ ಬೆಳ್ಳಗೆ ವಾಪಸ್ ಬರೋತನಕ ಬಿಡ್ಲಿಲ್ಲ. ಹೇರ್ ಡ್ರೈಯರಲ್ಲಿ ಬ್ಯಾರಲ್ ಹಿಂಬದೀನ ಕೈಗೆ ಬೆಚ್ಚಗಾಗೋ ಅಷ್ಟು, ಫನೆಲ್ಲನ್ನೂ ಹಾಗೇ ಬಿಸಿ ಮಾಡಿ, ಲೋಟದಲ್ಲಿರೋದನ್ನ ಕಡ್ಡೀಲಿ ತಿರುಗಿಸ್ತಾನೇ ಇದ್ದು (ಸುಮ್ನೆ ಬಿಟ್ರೆ ಲೋಹಗಳು ಬೇರೆ ಬೇರೆ ಆಗುತ್ತೆ) ಒಂದೇ ಸಮ ಹುಯ್ದೆ. ಬ್ಯಾರಲ್ಲಿನ ಹಿಂಬದಿ ಅಂಚಿಗೆ ಬರ್ತಿದ್ದಂಗೇ ನಿಲ್ಲಿಸ್ಬಿಟ್ಟೆ.

ಇಲ್ಲಿ ಗಡಿಯಾರ ಬೇಕೇ ಬೇಕು. ಸೆರೋಸೇಫ್ ಆರಿದ್ಮೇಲೆ ಮೊದಲ ಅರ್ಧ ಗಂಟೆ ಕುಗ್ಗುತ್ತೆ, ಆಮೇಲೆ ಉಬ್ಬೋಕೆ ಶುರು ಮಾಡುತ್ತೆ. ಹಾಗಾಗಿ ಅರ್ಧ ಗಂಟೆ ಒಳಗೇ ಹೊರಗೆ ತೆಗೆದ್ರೆ ಸಲೀಸು, ಬಿಟ್ರೆ ಬಿಗ್ಕೊಳ್ಳುತ್ತೆ. ಸುಮಾರು ಒಂದು ಗಂಟೆ ಆದಾಗ ಅದ್ರ ಅಳತೆ ಸರಿಯಾಗಿ ಚೇಂಬರಿನಷ್ಟೇ ಇರುತ್ತೆ, ಅಳೆಯೋದು ಆವಾಗ. 200 ಗಂಟೆ ಹೊತ್ತಿಗೆ ಇಂಚಿಗೆ 0.0025 ಇಂಚಿನಷ್ಟು ದೊಡ್ಡದಾಗಿರುತ್ತೆ, ಅದಕ್ಕೇ ಹೋದ ವಾರ ತೆಗೆದ ಕಾಸ್ಟನ್ನ ಇವತ್ತು ಅಳೆದು ನಂಬಬೇಡಿ. ನಾನು ಇಪ್ಪತ್ತು ನಿಮಿಷಕ್ಕೆ ರಾಡನ್ನ ಬಾಯಿ ಕಡೆಯಿಂದ ಮೆತ್ತಗೆ ತಟ್ಟಿದೆ, ಒಂದೇ ಏಟಿಗೆ ಪುಳಕ್ ಅಂತ ಕೈಗೆ ಬಂತು ನೋಡಿ, ಕನ್ನಡಿ ಥರ. ಚೇಂಬರ್ ಕೊರೆದ ಟೂಲಿನ ಗೆರೆ ಸಮೇತ ಕಾಣ್ತಿತ್ತು. ಬೀಳಿಸಬೇಡಿ, ಮೆತ್ತಗಿನ ಲೋಹ, ಬಿದ್ರೆ ಸೊಟ್ಟ ಆಗುತ್ತೆ.

ಮೌಸರಿಗೆ ನಾಲ್ಕು ಗ್ರೂವು, ಎದುರುಬದುರು ಇರೋದ್ರಿಂದ ಮೈಕ್ರೋಮೀಟರಲ್ಲಿ ನೇರವಾಗಿ ಅಳೀಬಹುದು. (ಲೀ ಎನ್‌ಫೀಲ್ಡ್ ಥರ ಐದು ಗ್ರೂವ್ ಇರೋದಾದ್ರೆ ಎದುರಿಗೆ ಗ್ರೂವೇ ಇರಲ್ಲ, ಅದಕ್ಕೆ ವಿ ಆಕಾರದ ಮೈಕ್ರೋಮೀಟರ್ ಬೇಕು.) ನಾಲ್ಕು ಸಲ ಅಳೆದೆ, 8.09, 8.10, 8.09, 8.09. ಅಂದ್ರೆ ಹಳೇ ಸಣ್ಣ ಬ್ಯಾರಲ್ಲು, .318ರ ಗುಂಡಿನದ್ದು. ಆಮೇಲೆ ಉದ್ದ. ಹಿಂಬದಿ ಅಂಚಿನಿಂದ ಕೇಸಿನ ಬಾಯಿ ಕೂರೋ ಮೆಟ್ಟಿಲಿನ ತನಕ 57.4. ಚೇಂಬರ್ ಯಾವಾಗ್ಲೂ ಕೇಸಿಗಿಂತ ಸ್ವಲ್ಪ ಉದ್ದ ಇರುತ್ತೆ, ಸರಿಹೋಯ್ತು, 8×57 ಜೆ, ಕೆಲ್ಸ ಮುಗೀತು ಅಂತ ಖುಷಿಯಾಗಿ ಅಣ್ಣಂಗೆ ಫೋನ್ ಹಚ್ಚಿದೆ.

"ಬುಡ ಲೆಕ್ಕಕ್ಕೆ ಹಿಡ್ದ್ಯೇನೋ?" ಅಂದ್ರು.

ಯಾವ ಬುಡ ಅಣ್ಣಾ ಅಂದೆ. ಆಗ ಅವರು ಹೇಳಿದ್ದು, ಮೌಸರಲ್ಲಿ ಕೇಸಿನ ಬುಡ ಬ್ಯಾರಲ್ಲಿನ ಒಳಗೆ ಪೂರ್ತಿ ಹೋಗಲ್ಲ, ಎಕ್ಸ್‌ಟ್ರಾಕ್ಟರ್ (ಖಾಲಿ ಕೇಸನ್ನ ಹೊರಗೆಳೆಯೋ ಕೊಕ್ಕೆ) ಹಿಡ್ಕೊಳ್ಳೋ ಭಾಗ ಅಂಚಿನಿಂದ ಹಿಂದಕ್ಕೆ ಚಾಚ್ಕೊಂಡಿರುತ್ತೆ, ಕಾಸ್ಟಲ್ಲಿ ಆ ಭಾಗ ಬರೋದೇ ಇಲ್ಲ. ಅದನ್ನ ಅಳೆಯೋ ಉಪಾಯನೂ ಅವರೇ ಹೇಳಿದ್ರು. ಬೋಲ್ಟ್ ಹಾಕಿ ಮುಚ್ಚಿ, ಬಾಯಿ ಕಡೆಯಿಂದ ಚಪ್ಪಟೆ ತುದಿಯ ರಾಡ್ ಬಿಟ್ಟು ಬೋಲ್ಟಿನ ಮುಖಕ್ಕೆ ತಾಗಿಸಿ, ಬಾಯಿ ಹತ್ರ ರಾಡ್ ಮೇಲೊಂದು ಗೆರೆ. ಆಮೇಲೆ ಬೋಲ್ಟ್ ತೆಗೆದು, ಬ್ಯಾರಲ್ಲಿನ ಹಿಂಬದಿ ಅಂಚಿಗೆ ಒಂದು ಚಪ್ಪಟೆ ತುಂಡು ಅಡ್ಡ ಹಿಡಿದು, ರಾಡ್ ಅದಕ್ಕೆ ತಾಗೋ ಹಾಗೆ ಮಾಡಿ ಇನ್ನೊಂದು ಗೆರೆ. ಎರಡು ಗೆರೆ ಮಧ್ಯದ ಅಂತರವೇ ಬುಡ ಹೊರಗಿರೋ ಉದ್ದ. ನನಗೆ ಬಂದಿದ್ದು ಮೂರು ಮಿಲಿಮೀಟರಿಗೆ ಒಂಚೂರು ಕಮ್ಮಿ, 2.9.

57.4ಕ್ಕೆ 2.9 ಸೇರಿಸಿ ನೋಡಿ. 60.3.

ಅದು 8×57 ಅಲ್ವೇ ಅಲ್ಲ, 8×60. ಮೊದಲನೇ ಮಹಾಯುದ್ಧ ಆದ್ಮೇಲೆ ಜರ್ಮನಿಯಲ್ಲಿ ಮಿಲಿಟರಿ ತೋಟಾದ ರೈಫಲ್ ಜನ ಇಟ್ಕೊಳ್ಳೋಕೆ ಅಡ್ಡಿ ಬಂತು. ಆಗ ಎಷ್ಟೋ 8×57 ರೈಫಲ್ಲುಗಳ ಚೇಂಬರನ್ನ ಮೂರು ಮಿಲಿಮೀಟರ್ ಒಳಕ್ಕೆ ಕೊರೆದು 8×60 ಮಾಡಿಬಿಟ್ರು, ಬ್ಯಾರಲ್ ಮಾತ್ರ ಅದೇ. ಅದ್ರಲ್ಲೂ ಸಣ್ಣ ಗುಂಡಿನದ್ದು, ದಪ್ಪ ಗುಂಡಿನ ಎಸ್ ಅಂತ ಎರಡು ಬಗೆ. ನನ್ನದು ಸಣ್ಣದು. ಅಂಥದ್ರಲ್ಲಿ 8×57 ತೋಟಾ ಹಾಕಿದ್ರೆ ಮುಂದುಗಡೆ ಆನಿಸ್ಕೊಳ್ಳೋಕೆ ಜಾಗವೇ ಇಲ್ಲ, ಎಕ್ಸ್‌ಟ್ರಾಕ್ಟರ್ ಹಿಡ್ಕೊಂಡಿರೋದೊಂದೇ ಆಧಾರ, ಕೇಸು ಬುಡದ ಹತ್ರ ಹರಿದ್ರೆ ಬಿಸಿ ಗ್ಯಾಸು ಬರೋದು ಹಿಂದಕ್ಕೆ, ಮುಖದ ಕಡೆಗೆ.

ಆಗ ಆ ಡಬ್ಬಿ ನೆನಪಾಯ್ತು. ಎರಡೂ ಕೇಸನ್ನ ತಂದು ಕಾಸ್ಟ್ ಪಕ್ಕ ನಿಲ್ಲಿಸ್ದೆ. ಕುತ್ತಿಗೆ ಮೊಟಕಾಗಿದ್ದು ಹಳೇ ಕಾಲದ್ದು ಅಂತ ಅಲ್ಲ. ಹೆಗಲು ಮುಂದಕ್ಕೆ ಉಬ್ಬಿ ಈ ಚೇಂಬರಿನ ಹೆಗಲಿಗೆ ಹೋಗಿ ಕೂತಿದೆ, ಅಷ್ಟೂ ಕುತ್ತಿಗೆಯನ್ನ ನುಂಗಿ. ಬುಡದಿಂದ ಸ್ವಲ್ಪ ಮೇಲೆ ಎರಡರಲ್ಲೂ ಸುತ್ತ ಒಂದು ಬಿಳೀ ಗೆರೆ, ಒಂದರಲ್ಲಿ ಉಗುರು ಆಡಿಸಿದ್ರೆ ಬಿರುಕು ಗೊತ್ತಾಗುತ್ತೆ. ಅಂದ್ರೆ ಯಾರೋ ಇದ್ರಲ್ಲಿ 8×57 ಹೊಡೆದಿದಾರೆ, ಎರಡು ಸಲ.

ಕಾಸ್ಟು, ಆ ಎರಡು ಕೇಸು ಮೂರನ್ನೂ ಅಣ್ಣಂಗೆ ಕೊಟ್ಟು ಬಂದೆ, ಹೆಡ್‌ಸ್ಪೇಸ್ (ಬೋಲ್ಟಿನ ಮುಖಕ್ಕೂ ಕೇಸು ಆನಿಸ್ಕೊಳ್ಳೋ ಜಾಗಕ್ಕೂ ಇರೋ ಅಂತರ) ಅವರು ಗೇಜಲ್ಲಿ ನೋಡ್ಬೇಕು, ಕಾಸ್ಟಿಂದ ಅದು ಗೊತ್ತಾಗಲ್ಲ. ರೈಫಲ್ಲಿನ ಟ್ರಿಗರ್ ಗಾರ್ಡಿಗೆ ಒಂದು ಚೀಟಿ ಕಟ್ಟಿದೀನಿ, 8×60, ಗ್ರೂವ್ 8.09, 8×57 ಹಾಕ್ಬೇಡಿ ಅಂತ. ದೊಡ್ಡಮ್ಮನ್ನ ಕೇಳ್ದೆ, ದೊಡ್ಡಪ್ಪ ಇದನ್ನ ಯಾವತ್ತಾದ್ರೂ ಹೊಡೆದಿದ್ರಾ ಅಂತ. "ಎರಡೇ ಸಲ ಕಣೋ, ಆಮೇಲೆ ಯಾಕೋ ಅದನ್ನ ಮುಟ್ಲೇ ಇಲ್ಲ" ಅಂದ್ರು.